ಬೆಳ್ಳಿಯ ಮುಖಕ್ಕೆ ಮಸಿ

ವಸ್ತುಗಳನ್ನು ಜೋಪಾನ ಮಾಡುವುದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಾಗೆ ಜೋಪಾನ ಮಾಡಿದ ವಸ್ತುಗಳು ಆಮೇಲೆ ಯಾವ ಅವತಾರದಲ್ಲಿ ಕೈಗೆ ಸಿಗುತ್ತವೆ ಅನ್ನೋದು ಬೇರೆ ಮಾತು.

ಅಕ್ಕನೂ ನಾನೂ ಒಂದೇ ದಿನ, ಒಂದೇ ಥರದ ಬೆಳ್ಳಿ ಬಳೆ ತಗೊಂಡೆವು. ಅವಳು ಅಂಗಡಿಯಲ್ಲೇ ಕೈಗೇರಿಸಿಕೊಂಡಳು. ಪಾತ್ರೆ ತೊಳೆಯುವಾಗ, ಮಲಗುವಾಗ, ಜಗಳ ಆಡುವಾಗ, ಯಾವಾಗ ನೋಡಿದರೂ ಅದು ಅವಳ ಕೈಯಲ್ಲೇ. ನಾನು ಹಾಗಲ್ಲ. ಒಳ್ಳೆ ಒಡವೆ ಸವೆಯಬಾರದು ಅಲ್ವಾ? ಬಳೆಗೆ ನನ್ನ ಬೆಳ್ಳಿ ಸರವನ್ನು ಸುತ್ತಿದೆ. ಬಿಚ್ಚಿಕೊಳ್ಳದಿರಲಿ ಎಂದು ಮೇಲೆ ಮೂರು ರಬ್ಬರ್ ಬ್ಯಾಂಡ್ ಬಿಗಿದೆ. ಬೆಚ್ಚಗಿರಲಿ ಎಂದು ಉಣ್ಣೆಯ ಕಾಲುಚೀಲದೊಳಗೆ ತುರುಕಿ ಬೀರುವಿನ ಮೂಲೆಯಲ್ಲಿಟ್ಟೆ. ಬೆಳ್ಳಿಗೆ ಚಳಿಯಾಗುತ್ತದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಎಂಟು ತಿಂಗಳ ಮೇಲೆ ಬಿಚ್ಚಿ ನೋಡಿದರೆ ಬಳೆಯ ಮೇಲೆ ಮೂರು ಕಪ್ಪು ಪಟ್ಟೆ. ರಬ್ಬರ್ ಬ್ಯಾಂಡಿನಷ್ಟೇ ಅಗಲ, ಅಳತೆ ಹಿಡಿದು ಬಳಿದ ಹಾಗೆ. ಮಿಕ್ಕ ಜಾಗ ಹಳದಿಯೂ ಅಲ್ಲ, ಕಂದೂ ಅಲ್ಲ. ಸರವಂತೂ ಬೈಸಿಕಲ್ ಚೈನಿನ ತಮ್ಮನ ಹಾಗಿತ್ತು.

"ಮೋಸ ಹೋದೆ ಅಕ್ಕಾ, ಇದು ಬೆಳ್ಳಿನೇ ಅಲ್ಲ" ಎಂದು ಫೋನಿನಲ್ಲಿ ಗೋಳಾಡಿದೆ.

"ಒಳಗಡೆ ಏನೋ ನಂಬರ್ ಇದೆಯಲ್ಲೇ, ನೋಡು."

ಭೂತಗನ್ನಡಿ ಹಿಡಿದು ಹುಡುಕಿದೆ. ಸಾಸಿವೆ ಗಾತ್ರದಲ್ಲಿ 925 ಎಂದು ಒತ್ತಿತ್ತು. ಅಷ್ಟು ದಿನ ಅದನ್ನು ಅಂಗಡಿಯವರ ಲೆಕ್ಕದ ನಂಬರ್ ಅಂದುಕೊಂಡಿದ್ದೆ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದು ಅದರ ಅರ್ಥವಂತೆ. ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ತೀರಾ ಮೆತ್ತಗೆ. ಅದರಲ್ಲಿ ಬಳೆ ಮಾಡಿದರೆ ಬಾಗಿಲಿಗೆ ಒಂದು ಸಲ ತಾಗಿದರೂ ಸೊಟ್ಟಗಾಗಬಹುದು. ಬೆನ್ನು ನೆಟ್ಟಗೆ ನಿಲ್ಲಲಿ ಎಂದು ತಾಮ್ರ ಬೆರೆಸುತ್ತಾರೆ. ಇದಕ್ಕೇ ಸ್ಟರ್ಲಿಂಗ್ ಬೆಳ್ಳಿ ಅನ್ನೋದು. ಇಂಗ್ಲೆಂಡಿನಲ್ಲಿ 1300ರಲ್ಲೇ ರಾಜ ಒಂದನೇ ಎಡ್ವರ್ಡ್ ಈ ಮಟ್ಟಕ್ಕಿಂತ ಕಳಪೆ ಬೆಳ್ಳಿ ಮಾರಕೂಡದು, ಪರೀಕ್ಷೆ ಮಾಡಿದ ಮಾಲಿಗೆ ಚಿರತೆ ತಲೆಯ ಮುದ್ರೆ ಬೀಳಬೇಕು ಎಂದು ಕಾನೂನು ಮಾಡಿದ್ದ. ಒಲಿಂಪಿಕ್ಸಿನ ಚಿನ್ನದ ಪದಕವೂ ಒಳಗೆ ಬೆಳ್ಳಿಯೇ, ಮೇಲೊಂದು ಆರು ಗ್ರಾಂ ಚಿನ್ನದ ಲೇಪ. ಜರ್ಮನ್ ಸಿಲ್ವರ್ ಎಂದು ಕರೆಸಿಕೊಳ್ಳುವುದರಲ್ಲಿ ಮಾತ್ರ ಬೆಳ್ಳಿಯೇ ಇಲ್ಲ, ಬರೀ ತಾಮ್ರ, ನಿಕಲ್, ಸತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.

ಅಂದರೆ ಮೋಸ ಮಾಡಿದ್ದು ಅಂಗಡಿಯವರಲ್ಲ, ನನ್ನ ಕಾಲುಚೀಲ. ಬೆಳ್ಳಿಗೆ ಗಂಧಕ ಕಂಡರಾಗದು. ಗಾಳಿಯಲ್ಲಿ ಚೂರು ಇದ್ದರೂ ಸಾಕು, ಮೈಮೇಲೆ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಕಟ್ಟಿಕೊಳ್ಳುತ್ತದೆ. ರಬ್ಬರ್ ಗಟ್ಟಿಯಾಗಲು ಅದಕ್ಕೆ ಗಂಧಕ ಹಾಕುತ್ತಾರೆ. ಉಣ್ಣೆಯಲ್ಲೂ ಗಂಧಕ ಇದೆ. ಇಡೀ ಮನೆ ಹುಡುಕಿ ಬೆಳ್ಳಿಯ ಇಬ್ಬರು ಶತ್ರುಗಳನ್ನೇ ಕಾವಲಿಗೆ ಕೂರಿಸಿದ್ದೆ.

ಸರಿ, ತೊಳೆಯೋಣ ಎಂದು ಟೂತ್‌ಪೇಸ್ಟ್ ಹಚ್ಚಿ ಹಳೆಯ ಬ್ರಷ್ಷಿನಿಂದ ಬಳೆಯನ್ನು ತಿಕ್ಕಿದೆ. ಕಪ್ಪು ಹೋಯಿತು. ಜೊತೆಗೆ ಹೊಳಪೂ ಹೋಯಿತು. ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ನೂರಾರು ಗೀರು, ಬೆಕ್ಕಿನ ಕೈಗೆ ಕೊಟ್ಟು ಈಸಿಕೊಂಡ ಹಾಗೆ. ಹಲ್ಲಿನ ಕವಚ ಬೆಳ್ಳಿಗಿಂತ ಎಷ್ಟೋ ಗಟ್ಟಿ. ಹಲ್ಲಿಗೆ ಒಗ್ಗುವ ಪೇಸ್ಟು ಬೆಳ್ಳಿಗೆ ಮರಳುಕಾಗದ.

ಸರಕ್ಕೆ ಬೇರೆ ಉಪಾಯ ಹಿಡಿದೆ. ಅಲ್ಯುಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು. ಪ್ಲಾಸ್ಟಿಕ್ ಬಟ್ಟಲಿಗೆ ಫಾಯಿಲ್ ಅಂದವಾಗಿ ಸುತ್ತಿ, ನೀರು, ಸೋಡಾ, ಸರ ಹಾಕಿ ಅರ್ಧ ಗಂಟೆ ಕಾದೆ. ಏನೂ ಆಗಲಿಲ್ಲ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಒಂದು ನಿಮಿಷ ಅವಳು ಮಾತೇ ಆಡಲಿಲ್ಲ.

"ಫಾಯಿಲ್ ಬಟ್ಟಲ ಹೊರಗೆ ಸುತ್ತಿದ್ದೀಯಲ್ಲೇ! ಗಿಫ್ಟ್ ಪ್ಯಾಕ್ ಮಾಡ್ತಿದ್ದೀಯಾ?"

ಫಾಯಿಲ್ ಒಳಗಿರಬೇಕು, ಬೆಳ್ಳಿ ಅದಕ್ಕೆ ತಾಗಬೇಕು. ಹಾಗೆ ಮಾಡಿದೆ ನೋಡಿ, ಸಣ್ಣ ಗುಳ್ಳೆಗಳು ಎದ್ದವು, ಕೊಳೆತ ಮೊಟ್ಟೆಯ ವಾಸನೆ ಬಂತು. ನನಗೋ ಅದು ಪರಿಮಳ! ಬೆಳ್ಳಿಗೆ ಅಂಟಿದ್ದ ಗಂಧಕ ಕೈಬಿಟ್ಟು ಹೊರಟಿತ್ತು. ಎರಡು ನಿಮಿಷದಲ್ಲಿ ಸರ ಬೆಳ್ಳಗಾಯಿತು. ತಿಕ್ಕಿದರೆ ಚೂರು ಬೆಳ್ಳಿಯೂ ಸವೆದು ಹೋಗುತ್ತದೆ. ಇಲ್ಲಿ ಹಾಗಲ್ಲ, ಗಂಧಕವನ್ನು ಅಲ್ಯುಮಿನಿಯಂ ಕಿತ್ತುಕೊಳ್ಳುತ್ತದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಯಶಸ್ಸು ತಲೆಗೇರಿತ್ತು, ನೀರಿನ್ನೂ ಬಿಸಿಯಿತ್ತು. ಇನ್ನೇನಿದೆ ಎಂದು ಹುಡುಕಿದಾಗ ನವಿಲಿನ ಜುಮುಕಿ ಸಿಕ್ಕಿತು. ಆಕ್ಸಿಡೈಸ್ಡ್ ಬೆಳ್ಳಿಯದು. ಗರಿಗರಿಯ ಸಂದಿನಲ್ಲೂ ಕಪ್ಪು. 'ಅಯ್ಯೋ ಪಾಪ, ಎಷ್ಟು ಕೊಳೆ' ಎಂದು ಮುಳುಗಿಸಿದೆ. ಎತ್ತಿದಾಗ ನವಿಲು ಮಾಯ. ಬೇಕೆಂದೇ ಕೂರಿಸಿದ್ದ ಕಪ್ಪು ಹೋಗಿ, ಗರಿ ಯಾವುದು, ಕಣ್ಣು ಯಾವುದು ತಿಳಿಯದ ಹಾಗೆ ಎಲ್ಲವೂ ಒಂದೇ ಬಿಳುಪು. ಪುಕ್ಕ ಕಿತ್ತ ಕೋಳಿ ಕಿವಿಗೆ ನೇತಾಡಿದಂತಿತ್ತು.

ಮುತ್ತಿನ ಉಂಗುರದ ಕಥೆ ಚಿಕ್ಕದು. ಅದನ್ನು ಬಾಟಲಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದೆ. ಅದರಲ್ಲಿ ಆಮ್ಲ ಇರುತ್ತದೆ, ಮುತ್ತು ಸುಣ್ಣದ ಜಾತಿ. ಈಗ ಅದು ಮುತ್ತಲ್ಲ, ಸೀಮೆಸುಣ್ಣದ ತುಣುಕು.

ಭಾನುವಾರ ಅಕ್ಕ ಬಂದಳು. ಅವಳ ಬಳೆ ಲಕಲಕ ಹೊಳೆಯುತ್ತಿತ್ತು. ಹೊಟ್ಟೆ ಉರಿದು ಗುಟ್ಟೇನು ಎಂದು ಕೇಳಿದೆ. "ಗುಟ್ಟೆಲ್ಲಿಂದ ಬಂತು? ಸುಮ್ನೆ ಹಾಕ್ಕೊಂಡಿದ್ದೀನಿ ಅಷ್ಟೇ" ಅಂದಳು. ಚರ್ಮಕ್ಕೆ, ಬಟ್ಟೆಗೆ ದಿನಾ ಉಜ್ಜಿ ಉಜ್ಜಿ ಕಪ್ಪು ಕೂರುವುದಕ್ಕೇ ಬಿಡುವು ಸಿಗುವುದಿಲ್ಲ. ಬ್ಲೀಚಿಂಗ್ ಪೌಡರ್ ಮುಟ್ಟುವಾಗ ಮಾತ್ರ ತೆಗೆದಿಡುತ್ತಾಳಂತೆ, ಕ್ಲೋರಿನ್ ಬೆಳ್ಳಿಯನ್ನು ಹಾಳುಗೆಡಹುತ್ತದೆ ಎಂದು. ಹಾಕಿಕೊಳ್ಳದ ಒಡವೆಗೆ ಗಾಳಿ ಆಡದ ಪ್ಲಾಸ್ಟಿಕ್ ಜಿಪ್ ಚೀಲ ಸಾಕು, ಒಂದೊಂದಕ್ಕೆ ಒಂದೊಂದು, ಒದ್ದೆ ಇರಬಾರದು ಎಂದೂ ಹೇಳಿದಳು. ಹೇಳುವಾಗ ನನ್ನ ಕಾಲುಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು.

ಜುಮುಕಿಯನ್ನು ಅಕ್ಕಸಾಲಿಯ ಹತ್ತಿರ ಒಯ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಏನು ಮಾಡಬೇಕು ಮೇಡಂ?"

"ಕಪ್ಪು ಮಾಡಿಕೊಡಿ."

"ಎಲ್ಲರೂ ಬೆಳ್ಳಗೆ ಮಾಡಿಕೊಡಿ ಅಂತ ಬರ್ತಾರೆ" ಎಂದು ನಕ್ಕರು.

"ಕಪ್ಪು ಬರೋದಕ್ಕೆ ಏನು ಹಾಕ್ತೀರಿ?"

"ಗಂಧಕದ ನೀರು ಮೇಡಂ."

ನಮ್ಮನೆಯಲ್ಲಿ ರಬ್ಬರ್ ಬ್ಯಾಂಡ್ ಬೇಕಾದಷ್ಟಿದೆ, ನಾನೇ ಮಾಡಿಕೊಳ್ಳಲಾ ಎಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ರಸೀದಿ ಈಸಿಕೊಂಡೆ.