ಏಳು ಗಿಡ್ಡ, ಒಂದು ಉದ್ದ

ಮಲೆನಾಡಿನವರಿಗೆ ನೀರಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ನಮಗೆ ಗೊತ್ತಿರುವ ನೀರು ಹೆಚ್ಚಾಗಿ ಮೇಲಿನಿಂದ ಬೀಳುವಂಥದ್ದು. ಆಗುಂಬೆಯಲ್ಲಿ ಮಳೆಯಾಗಿ, ಜೋಗದಲ್ಲಿ ಜಲಪಾತವಾಗಿ, ಹಳೆಯ ಹೆಂಚಿನ ಮನೆಗಳಲ್ಲಾದರೆ ನೇರವಾಗಿ ಹಾಸಿಗೆಯ ಮೇಲೆ. ನೀರಿನ ಮೇಲೆ ಪ್ರಯಾಣ ಮಾಡಿದ ಅನುಭವ ನಮ್ಮ ಮನೆಯವರಿಗೆ ಇದ್ದುದು ಸಿಗಂದೂರಿನ ಲಾಂಚಿನಲ್ಲಿ ಮಾತ್ರ. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಹರಡಿಕೊಂಡ ಶರಾವತಿಯ ಹಿನ್ನೀರನ್ನು ಬಸ್ಸು, ಜೀಪು, ಜನರ ಸಮೇತ ದಾಟಿಸುತ್ತಿದ್ದ ಆ ಲಾಂಚಿನ ಮೇಲೆ ಮಾವನವರಿಗೆ ಅಪಾರ ಅಭಿಮಾನ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡೂವರೆ ಕಿಲೋಮೀಟರಿಗೆ ಸಮೀಪದ ಉದ್ದದ ಸೇತುವೆ ಉದ್ಘಾಟನೆಯಾದಾಗ ಆ ಸೀಮೆಯೆಲ್ಲ ಸಂಭ್ರಮಪಟ್ಟಿತು. ಮಾವನವರು ಮಾತ್ರ, "ಇನ್ನು ನೀರಿನ ಮೇಲೆ ಹೋಗಬೇಕು ಅಂದರೆ ಸಮುದ್ರಕ್ಕೇ ಹೋಗಬೇಕು ಮಾರಾಯ" ಎಂದು ನಿಟ್ಟುಸಿರುಬಿಟ್ಟರು. ನಮ್ಮವರು ಅದನ್ನು ಪಿತೃವಾಕ್ಯವೆಂದೇ ಪರಿಗಣಿಸಿ, ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ಎಲ್ಲರಿಗೂ ಜಾಗ ಕಾಯ್ದಿರಿಸಿದರು. ಎಲ್ಲರೂ ಎಂದರೆ ಅತ್ತೆ, ಮಾವ, ನಾವಿಬ್ಬರು ಮತ್ತು ಒಂದು ವರ್ಷ ತುಂಬಿ, ಆಗಷ್ಟೇ ಗೋಡೆ ಬಿಟ್ಟು ನಡೆಯಲು ಕಲಿತಿದ್ದ ಪುಟ್ಟಿ.

"ಹಡಗಿನಲ್ಲಿ ಮಕ್ಕಳಿಗೆ ಎಲ್ಲ ವ್ಯವಸ್ಥೆಯೂ ಇದೆ" ಎಂದು ಶಿವಮೊಗ್ಗದಲ್ಲಿ ಟಿಕೆಟ್ ಮಾಡಿಸಿಕೊಟ್ಟವರು ಹೇಳಿದ್ದರು. ಅವರು ಸುಳ್ಳು ಹೇಳಲಿಲ್ಲ. ವ್ಯವಸ್ಥೆಯೆಲ್ಲ ಇತ್ತು, ಆದರೆ ಅದು ಮೂರು ವರ್ಷ ದಾಟಿದ, ಶೌಚಕ್ಕೆ ಹೇಳಿ ಹೋಗುವಷ್ಟು ತಿಳಿವಳಿಕೆ ಬಂದ ಮಕ್ಕಳಿಗೆ. ಆರು ತಿಂಗಳು ತುಂಬದ ಶಿಶುಗಳನ್ನು ಇಂಥ ಹಡಗುಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದೇ ಇಲ್ಲ. ದಿನಗಟ್ಟಲೆ ದಡ ಕಾಣದ ದೀರ್ಘಯಾನಗಳಿಗೆ ಹಲವು ಕಂಪನಿಗಳು ಒಂದು ವರ್ಷ ಆಗಿರಬೇಕೆನ್ನುತ್ತವೆ. ನಡುನೀರಿನಲ್ಲಿ ಮಗುವಿಗೆ ಜ್ವರ ಬಂದರೆ ಮಕ್ಕಳ ಡಾಕ್ಟರನ್ನು ಎಲ್ಲಿಂದ ತರುವುದು ಎಂಬ ಆ ಲೆಕ್ಕಾಚಾರ ನನಗೂ ಸರಿಯೆಂದೇ ತೋರುತ್ತದೆ. ಈ ನಡುವಿನ ಪ್ರಾಯದ ಪುಟ್ಟಿಯಂಥವರನ್ನು ಹಡಗು ಹತ್ತಿಸಿಕೊಳ್ಳುತ್ತದೆ, ಆದರೆ ಹತ್ತಿಸಿಕೊಂಡ ಮೇಲೆ ಏನು ಮಾಡಬೇಕೆಂದು ಅದಕ್ಕೂ ತೋಚುವುದಿಲ್ಲ. ಡೈಪರ್ ತೊಟ್ಟವರಿಗೆ ಈಜುಕೊಳ ನಿಷಿದ್ಧ. ಈಜಿಗೆಂದೇ ತಯಾರಾದ ಡೈಪರ್ ತೊಡಿಸಿದರೂ ನಿಷಿದ್ಧ, ಏಕೆಂದರೆ ಅದು ಘನಪದಾರ್ಥವನ್ನು ತಡೆದೀತೇ ಹೊರತು ರೋಗಾಣುಗಳನ್ನು ತಡೆಯುವುದಿಲ್ಲ. ಅಂಥ ಡೈಪರಿನ ಒಂದು ದೊಡ್ಡ ಕಟ್ಟು, ಜೊತೆಗೆ ಗಾಳಿ ತುಂಬುವ ಹಳದಿ ಬಾತುಕೋಳಿಯೊಂದು, ನಮ್ಮ ಸಾಮಾನಿನಲ್ಲಿ ಮಡಿ ಮುರಿಯದೆ ಲಕ್ಷದ್ವೀಪ ನೋಡಿಕೊಂಡು ಬಂದವು.

ಬಂದರಿನಲ್ಲಿ ಗುರುತಿನ ಚೀಟಿಯ ತಪಾಸಣೆಯಿಂದಲೇ ತಾಪತ್ರಯ ಆರಂಭವಾಯಿತು. ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಯಾವುದೂ ಇರುವುದಿಲ್ಲ, ಭಾವಚಿತ್ರವೊಂದೇ ಆಧಾರ. ಪುಟ್ಟಿಯ ಚಿತ್ರ ತೆಗೆಸಿದ್ದು ಅವಳಿಗೆ ತಲೆಗೂದಲೂ ಇಲ್ಲದ, ಹುಬ್ಬೂ ಕಾಣದ ಕಾಲದಲ್ಲಿ. ಕೌಂಟರಿನ ಹೆಣ್ಣುಮಗಳು ಎರಡು ಜುಟ್ಟು ಕಟ್ಟಿಕೊಂಡು ನಗುತ್ತಿದ್ದ ನಮ್ಮ ಕೂಸನ್ನೂ, ಬಾಯಿ ತೆರೆದು ಅಳುತ್ತಿದ್ದ ಚಿತ್ರದ ಬೋಳುತಲೆಯನ್ನೂ ಮತ್ತೆ ಮತ್ತೆ ನೋಡಿದರು. "ಸ್ವಲ್ಪ ತಡೆಯಿರಿ, ಅತ್ತರೆ ಹೊಂದುತ್ತದೆ" ಎಂದರು ಮಾವ. ಹಿಂದೆ ನಿಂತಿದ್ದವರ ಚೀಲ ಕಾಲಿಗೆ ತಗುಲಿ ಪುಟ್ಟಿ ಅತ್ತಳು, ಹೊಂದಿತು.

ಮುಂದಿನ ತಪಾಸಣೆ ಅತ್ತೆಯವರ ಚೀಲದ್ದು. ಕ್ಯಾಬಿನ್ನಿನೊಳಗೆ ಬೆಂಕಿ ಹೊತ್ತಿಕೊಳ್ಳುವ ಭಯದಿಂದ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮೊದಲಾದ ಬಿಸಿಯಾಗುವ ಯಾವ ವಸ್ತುವನ್ನೂ ಹಡಗಿನವರು ಬಿಡುವುದಿಲ್ಲ. ಕೆಟಲ್ ಚೀಟಿ ಅಂಟಿಸಿಕೊಂಡು ಅವರ ಉಗ್ರಾಣ ಸೇರಿತು. ಅಷ್ಟಕ್ಕೇ ಮುಗಿಯಲಿಲ್ಲ. ಹಳೆಯ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಹೆಸರು, ತಾರೀಖು ಏನೂ ಇಲ್ಲದ ಕಂದು ಬಣ್ಣದ ನಯವಾದ ಪುಡಿ ಸಿಕ್ಕಿತು. ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಬಜೆಯ ತುಂಡು, ಒಂದು ಜಾಯಿಕಾಯಿ, ತೇಯುವುದಕ್ಕೆ ಪುಟ್ಟ ಕಲ್ಲು. ಅಂಗಡಿಯಲ್ಲಿ ಕೊಂಡ, ಮುಚ್ಚಳ ಒಡೆಯದ ಮಗುವಿನ ಆಹಾರಕ್ಕೆ ಮಾತ್ರ ಅನುಮತಿ ಎಂದು ಭದ್ರತಾ ಅಧಿಕಾರಿ ಹಿಂದಿಯಲ್ಲಿ ಹೇಳಿದರು. ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಈ ಹಿಟ್ಟಿಗೆ ಯಾವ ಅಂಗಡಿಯ ಮುಚ್ಚಳವೂ ಸಮನಲ್ಲ ಎಂದು ಅತ್ತೆ ಕನ್ನಡದಲ್ಲಿ ಹೇಳಿದರು. ಇಬ್ಬರಿಗೂ ಪರಸ್ಪರರ ಭಾಷೆ ಬಾರದಿದ್ದುದರಿಂದ ಚರ್ಚೆ ಬಹಳ ಗೌರವಯುತವಾಗಿ, ಬಹಳ ಹೊತ್ತು ನಡೆಯಿತು. ಕೊನೆಗೆ ಅತ್ತೆ ಒಂದು ಚಿಟಿಕೆ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಅಧಿಕಾರಿಯ ಅಂಗೈಗೆ ಹಾಕಿದರು. ಅವರು ಅದನ್ನು ಮೂಸಿ, ತುಸು ಯೋಚಿಸಿ, ಬಾಟಲಿಯನ್ನು ಹಿಂದಿರುಗಿಸಿದರು. ಕಲ್ಲನ್ನು ಮಾತ್ರ ಕೊಡಲಿಲ್ಲ.

ಹಡಗು ಹೊರಡುವ ಮುನ್ನ, ಇಲ್ಲವೇ ಹೊರಟ ಕೂಡಲೇ, ಪ್ರಯಾಣಿಕರೆಲ್ಲರಿಗೂ ಸುರಕ್ಷತೆಯ ಕವಾಯತು ಮಾಡಿಸಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ರೂಪುಗೊಂಡ ಒಪ್ಪಂದವೇ ಇದರ ಮೂಲ. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿದ ಬಳಿಕ ನಿಯಮ ಇನ್ನಷ್ಟು ಬಿಗಿಯಾಯಿತು. ಇವೆಲ್ಲ ಮನುಷ್ಯರ ಪ್ರಾಣ ಉಳಿಸುವ ಏರ್ಪಾಡುಗಳು, ನನ್ನದೇನೂ ತಕರಾರಿಲ್ಲ. ಆದರೆ ಪುಟ್ಟಿ ರೈಲು, ವಿಮಾನ, ಟ್ಯಾಕ್ಸಿಗಳಲ್ಲೆಲ್ಲ ಕಣ್ಣು ಮುಚ್ಚದೆ ಬಂದು, ಕ್ಯಾಬಿನ್ನಿನಲ್ಲಿ ನನ್ನ ಹೆಗಲ ಮೇಲೆ ಆಗತಾನೆ ನಿದ್ರೆಗೆ ಜಾರಿದ್ದಳು. ಆಗ ತಲೆಯ ಮೇಲಿನ ಧ್ವನಿವರ್ಧಕ ಅಪಾಯದ ಸಂಕೇತವನ್ನು ಮೊಳಗಿಸಿತು: ಏಳು ಗಿಡ್ಡ ಕೂಗು, ಕೊನೆಗೆ ಒಂದು ಉದ್ದ ಕೂಗು.

ಒಟ್ಟುಗೂಡಬೇಕಾದ ಜಾಗದಲ್ಲಿ ಪುಟ್ಟಿಗೆ ಹದಿನೈದು ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಲೈಫ್ ಜಾಕೆಟ್ ತಂದುಕೊಟ್ಟರು. ಅದನ್ನು ತೊಡಿಸಿದಾಗ ಮಗು ಮಾಯವಾಗಿ ಕಿತ್ತಳೆ ಬಣ್ಣದ ಕಾಲರಿನ ಮೇಲೆ ಎರಡು ಜುಟ್ಟು ಮಾತ್ರ ಉಳಿದವು. ಒಳಗಿನಿಂದ ಅಳು ಕೇಳಿಸುತ್ತಿತ್ತು. ಅವಳ ಅಳುವಿನ ಕ್ರಮವನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಮೊದಲು ಬಿಕ್ಕುಗಳು ಒಂದರ ಹಿಂದೊಂದು ಬರುತ್ತವೆ, ಆಮೇಲೆ ಉಸಿರು ಎಳೆದುಕೊಂಡು ಒಂದು ದೀರ್ಘ ರಾಗ. ಅಂದು ರಾತ್ರಿ ಮೂರು ಗಂಟೆಗೆ ಅವಳು ಎದ್ದು ಇದೇ ಕ್ರಮದಲ್ಲಿ ಅತ್ತಾಗ, ಎದುರು ಕ್ಯಾಬಿನ್ನಿನ ಹಿರಿಯರೊಬ್ಬರು ಲೈಫ್ ಜಾಕೆಟ್ ತೊಟ್ಟು ಹೊರಗೆ ಬಂದರೆಂದು ನಮ್ಮವರು ಹೇಳುತ್ತಾರೆ. ನಾನು ಕಣ್ಣಾರೆ ನೋಡಿಲ್ಲ, ಆದರೆ ನಂಬುವುದಕ್ಕೆ ನನಗೇನೂ ಕಷ್ಟವಿಲ್ಲ.

ಕ್ಯಾಬಿನ್ನಿನ ವಿಸ್ತಾರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಇದ್ದರಲ್ಲವೇ ಹೇಳುವುದು. ಮಗುವಿನ ಮಡಚುವ ತೊಟ್ಟಿಲನ್ನು ತಂದು ಬಿಡಿಸಿಟ್ಟ ಮೇಲೆ ನಡೆದಾಡಲು ನೆಲವೇ ಉಳಿಯಲಿಲ್ಲ. ಹಾಸಿಗೆಯಿಂದ ಬಾಗಿಲಿಗೆ ಹೋಗಬೇಕಾದರೆ ತೊಟ್ಟಿಲನ್ನು ದಾಟಬೇಕು, ದಾಟಿದರೆ ಮಗು ಏಳುತ್ತದೆ. ಪುಟ್ಟಿ ಮಲಗುವುದು ಸಂಜೆ ಏಳೂವರೆಗೆ. ಹಡಗು ನಿಜವಾಗಿ ಎಚ್ಚರಗೊಳ್ಳುವುದೂ ಏಳೂವರೆಗೇ. ನಾಟ್ಯ, ಸಂಗೀತ, ಜಾದೂ, ಬಿಳಿ ಮೇಜುಬಟ್ಟೆಯ ಊಟ ಎಲ್ಲವೂ ಆಮೇಲೆ. ಹಾಗಾಗಿ ಅಡಿಕೆ ಬೇಯುವ ಹಂಡೆಗೆ ರಾತ್ರಿ ಸರದಿಯ ಮೇಲೆ ಕಾವಲು ಕೂರುವಂತೆ ನಾವು ನಾಲ್ವರೂ ಪಾಳಿ ಹಾಕಿಕೊಂಡೆವು. ದೀಪ ಹಾಕುವಂತಿಲ್ಲ, ಮಾತಾಡುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ. ಪಾಳಿಯವರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಮುಚ್ಚಿದ ಕಮೋಡಿನ ಮೇಲೆ ಕುಳಿತು ಪುಸ್ತಕ ಓದುವುದು ಎಂದು ತೀರ್ಮಾನವಾಯಿತು. ಅರಬ್ಬಿ ಸಮುದ್ರದ ಮೇಲೆ ಪೂರ್ಣ ವೇಗದಲ್ಲಿ ಸಾಗುತ್ತಾ ಬಚ್ಚಲಿನಲ್ಲಿ ಕಾದಂಬರಿಯೊಂದನ್ನು ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿದವರು ಹೆಚ್ಚು ಜನ ಇರಲಾರರು.

ಆ ಬಚ್ಚಲಿನಲ್ಲಿ ಬಕೆಟ್ಟೂ ಇರಲಿಲ್ಲ, ಚೊಂಬೂ ಇರಲಿಲ್ಲ. ಅತ್ತೆಯವರ ಪ್ರಕಾರ ಮಗುವಿನ ಸ್ನಾನವೆಂದರೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಕೈ ತಡೆಯುವಷ್ಟು ಬಿಸಿನೀರನ್ನು ಚೊಂಬಿನಿಂದ ಹೊಯ್ಯುವುದು. ಹಡಗಿನ ಷವರಿನ ಕೆಳಗೆ ಅತ್ತೆ ಕಾಲು ನೀಡಿದರೆ ಪಾದಗಳು ಬಾಗಿಲ ಹೊರಗೆ ಬರುತ್ತಿದ್ದವು. ಅವರು ಸುತ್ತ ಕಣ್ಣಾಡಿಸಿ, ಮೇಜಿನ ಮೇಲಿದ್ದ ಹೊಳೆಯುವ ಸ್ಟೀಲಿನ ಪಾತ್ರೆಯನ್ನು ಆರಿಸಿಕೊಂಡರು. ಅದು ಪಾನೀಯಗಳಿಗೆ ಮಂಜುಗಡ್ಡೆ ತುಂಬಿಡುವ ಪಾತ್ರೆ. ಅದರಲ್ಲಿ ಪುಟ್ಟಿಯ ಅಭ್ಯಂಜನ ಸಾಂಗವಾಗಿ ನೆರವೇರಿತು. ಕೋಣೆ ಗುಡಿಸುವ ಹುಡುಗ ಸಂಜೆ ಬಂದು ಪಾತ್ರೆಯೊಳಗೆ ಇಣುಕಿ ನೋಡಿದ. ಕೊಬ್ಬರಿ ಎಣ್ಣೆಯ ಪಸೆಯ ಮೇಲೆ ತೇಲುತ್ತಿದ್ದ ಕಡಲೆಹಿಟ್ಟನ್ನು ಕಂಡು ಅವನು ಏನೆಂದು ಭಾವಿಸಿದನೋ, ಮರುದಿನದಿಂದ ನಮಗೆ ಎರಡು ಪಾತ್ರೆ ಇಟ್ಟುಹೋದ.

ರಾಗಿಹಿಟ್ಟು ಉಳಿದಿತ್ತು, ಬೇಯಿಸುವ ಕೆಟಲ್ ಇರಲಿಲ್ಲ. ಚಹಾ ಕೌಂಟರಿನ ಬಿಸಿನೀರಿನಲ್ಲಿ ಕಲಕಿದರೆ ಸಾಲದು, ಸರಿ ಕುದಿಯಬೇಕು. ಅತ್ತೆ ಬಾಟಲಿ ಹಿಡಿದುಕೊಂಡು ಬಫೆಯ ಹಿಂದಿನ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಟೋಪಿ ತೊಟ್ಟ ಅಡುಗೆಯ ಹುಡುಗನೊಬ್ಬ ಅವರನ್ನೂ ಬಾಟಲಿಯನ್ನೂ ನೋಡಿ, "ಅಮ್ಮಾ, ರಾಗಿಯಾ? ನೀವು ಎಲ್ಲಿಯವರು ಮಾರ್ರೆ?" ಎಂದು ಕೇಳಿದ. ಕುಂದಾಪುರದವನಂತೆ. ಅಂದಿನಿಂದ ಪ್ರತಿ ಬೆಳಗ್ಗೆ ಪುಟ್ಟಿಗೆ ಮುಚ್ಚಿದ ಬಟ್ಟಲಿನಲ್ಲಿ ಬಿಸಿ ಸರಿ ಬಂತು. ಅದನ್ನು ಅವಳು ಎರಡು ಚಮಚ ತಿಂದು, ಮೂರನೆಯದನ್ನು ಪಕ್ಕದ ಮೇಜಿನವರ ಕಡೆಗೆ ಉಗಿದಳು. ದೇಶವಿದೇಶದ ಖಾದ್ಯಗಳು ಸಾಲಾಗಿ ಕೂತಿದ್ದ ಆ ಬಫೆಯಲ್ಲಿ ಅವಳು ಮನಸ್ಸಿಟ್ಟು ತಿಂದದ್ದು ಕಾಗದದ ಕರವಸ್ತ್ರವನ್ನು.

ಮಾವನವರ ಕಥೆ ಬೇರೆ. ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ನಮ್ಮವಳಾದ್ದರಿಂದ ಈ ಸಮುದ್ರವೂ ಸಂಬಂಧದಲ್ಲಿ ನಮ್ಮದೇ ಎಂಬುದು ಅವರ ವಾದ. ಹೊನ್ನಾವರದ ದೀಪಗಳನ್ನು ನೋಡಿಯೇ ಮಲಗುವುದೆಂದು ಅತ್ಯಂತ ಮೇಲಿನ ಡೆಕ್ಕಿನ ಮುಂಭಾಗದಲ್ಲಿ ಕುಳಿತರು. ಲಕ್ಷದ್ವೀಪದ ದಾರಿ ಕರಾವಳಿಯಿಂದ ಬಹಳ ದೂರ. ಕತ್ತಲಲ್ಲದೆ ಬೇರೇನೂ ಕಾಣಲಿಲ್ಲ. ಹಡಗಿನ ಎರಡು ಬದಿಗೆ ನೀರಿನೊಳಗೆ ಚಾಚಿಕೊಳ್ಳುವ ರೆಕ್ಕೆಗಳು ಹೊಯ್ದಾಟವನ್ನು ಬಹಳಷ್ಟು ತಗ್ಗಿಸುತ್ತವೆ ನಿಜ, ಆದರೆ ಉಳಿದಷ್ಟು ಹೊಯ್ದಾಟ ಹೆಚ್ಚಾಗಿ ತಿಳಿಯುವುದು ಮೇಲ್ಗಡೆ ಮತ್ತು ಮುಂಭಾಗದಲ್ಲಿಯೇ. ನಡುವಿನ, ಕೆಳಗಿನ ಅಂತಸ್ತುಗಳಲ್ಲಿ ಅದು ಕಡಿಮೆ. ಮಾವ ತೂರಾಡುತ್ತಾ ಕೆಳಗೆ ಬಂದು ಮಲಗಿದವರು ಮರುದಿನ ಮಧ್ಯಾಹ್ನದವರೆಗೆ ಶುಂಠಿ ಚೂರು ಚೀಪುತ್ತಾ ಅಪ್ಪೆಮಿಡಿಯ ವಾಸನೆ ನೋಡುತ್ತಾ ಇದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಕಡಲಬೇನೆ ಬರುವುದು ತೀರ ಅಪರೂಪ. ಪುಟ್ಟಿ ಅಜ್ಜನ ಹೊಟ್ಟೆಯ ಮೇಲೆ ಹತ್ತಿ ಕುಳಿತು, ಹಡಗು ವಾಲಿದ ಕಡೆಗೆಲ್ಲ ತಾನೂ ವಾಲುತ್ತಾ ಕೇಕೆ ಹಾಕುತ್ತಿದ್ದಳು. ಅವರ ಪಾಳಿಯೂ ನನ್ನ ಪಾಲಿಗೆ ಬಂತು, ಕಾದಂಬರಿ ಮುಗಿದದ್ದು ಆಗಲೇ.

ದ್ವೀಪದ ಬಳಿ ದೊಡ್ಡ ಹಡಗು ಹವಳದ ದಿಬ್ಬಗಳ ಹೊರಗೇ ಲಂಗರು ಹಾಕುತ್ತದೆ, ದಡಕ್ಕೆ ಸಣ್ಣ ದೋಣಿಗಳಲ್ಲಿ ಹೋಗಬೇಕು. ಮಗುವಿನ ತಳ್ಳುಗಾಡಿ ಹಡಗಿನಲ್ಲೇ ಉಳಿಯಿತು. ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ನಮ್ಮವರು ದೋಣಿಗೆ ಇಳಿದರು. ಹಾಲಿನಂಥ ಮರಳು, ಹಸಿರು ಬೆರೆತ ನೀಲಿ ನೀರು. ಇಷ್ಟು ದೂರ ಬಂದದ್ದಕ್ಕೆ ಇದೊಂದು ಸಾಕು ಎಂದು ನನಗೆ ನಿಜವಾಗಿಯೂ ಅನಿಸಿತು. ತೋಟದ ಕೆಸರಿನಲ್ಲಿ ಮೊಣಕೈವರೆಗೆ ಮುಳುಗಿ ಆಡುವ ಪುಟ್ಟಿಯನ್ನು ಆ ಮರಳಿನ ಮೇಲೆ ಇಳಿಸಲು ಹೋದರೆ ಅವಳು ಎರಡೂ ಕಾಲುಗಳನ್ನು ಮಡಚಿಕೊಂಡು ಗಾಳಿಯಲ್ಲೇ ಕುಳಿತಳು. ಎಷ್ಟು ಪುಸಲಾಯಿಸಿದರೂ ಒಂದು ಬೆರಳು ಕೆಳಗೆ ತಾಗಿಸಲಿಲ್ಲ. ಹಾಗೆ ಲಕ್ಷದ್ವೀಪದ ನೆಲವನ್ನು ಸೋಕದೆಯೇ ಲಕ್ಷದ್ವೀಪ ಪ್ರವಾಸ ಮುಗಿಸಿದಳು. ಹಡಗಿಗೆ ಮರಳಿದ ಮೇಲೆ ಅವಳಿಗೆ ಲಿಫ್ಟ್ ಸಿಕ್ಕಿತು. ಒತ್ತಿದರೆ ಬೆಳಗುವ ಗುಂಡಿಗಳು, ತೆರೆದಾಗಲೆಲ್ಲ ಹೊಸಬರು ಕಾಣುವ ಬಾಗಿಲು. ಉಳಿದ ಯಾನದ ಹಗಲುಗಳನ್ನೆಲ್ಲ ನಮ್ಮಲ್ಲೊಬ್ಬರು ಅವಳೊಡನೆ ಆ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಹೋಗುತ್ತಾ ಕಳೆದೆವು.

ಕೊನೆಯ ಬೆಳಗ್ಗೆ ಫೋಟೋ ಅಂಗಡಿಯವನು ನಮ್ಮನ್ನು ತಡೆದು ನಿಲ್ಲಿಸಿದ. ಹತ್ತುವಾಗ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ ತೆಗೆದ ಚಿತ್ರವಂತೆ, ಇಡೀ ಯಾನದಲ್ಲಿ ನಮ್ಮ ಸಂಸಾರ ಒಟ್ಟಿಗಿದ್ದ ಏಕೈಕ ದಾಖಲೆ. ಬೆಲೆ ಕೇಳಿ ಮಾವ ಮನಸ್ಸಿನಲ್ಲೇ ಅದನ್ನು ರಾಶಿ ಅಡಿಕೆಗೆ ಪರಿವರ್ತಿಸಿದ್ದು ಮುಖದಲ್ಲಿ ಕಂಡಿತು. ಕನ್ನಡಕ ಹಾಕಿಕೊಂಡು ಚಿತ್ರವನ್ನು ಹತ್ತಿರಕ್ಕೆ ತಂದು ನೋಡಿದರು. ಮಾವ, ನಮ್ಮವರು, ನಾನು, ಮೂವರೂ ಹಲ್ಲು ಬಿಟ್ಟು ನಿಂತಿದ್ದೆವು. ಬಲ ಅಂಚಿನಲ್ಲಿ ಓಡುತ್ತಿರುವ ಅತ್ತೆಯವರ ಸೀರೆಯ ಸೆರಗು, ಅದಕ್ಕಿಂತ ಮುಂದೆ ಗಾಳಿಯಲ್ಲಿ ಪುಟ್ಟಿಯ ಒಂದು ಬೂಟು.

"ಇದರಲ್ಲಿ ಮೂರೇ ಜನ ಇದ್ದಾರೆ" ಎಂದು ಮಾವ ತಮಗೆ ಬರುವಷ್ಟು ಹಿಂದಿಯಲ್ಲಿ ವ್ಯಾಪಾರಕ್ಕಿಳಿದರು. "ಮೂವರ ದುಡ್ಡು ತೆಗೆದುಕೊಳ್ಳಿ. ಬೂಟಿಗೆ ಬೇಕಾದರೆ ಹತ್ತು ರೂಪಾಯಿ ಬೇರೆ ಕೊಡುತ್ತೇನೆ."