ಒಂದೇ ಲ್ಯಾಪ್‌ಟಾಪ್, ಘಟ್ಟದ ಮೇಲೆ ಒಂದು ಮಾತು, ಘಟ್ಟದ ಕೆಳಗೆ ಇನ್ನೊಂದು

ನಮ್ಮ ಕಡೆ ಲ್ಯಾಪ್‌ಟಾಪ್ ಕೊಳ್ಳುವವರು ಈಗ ಬಿಸಿನೆಸ್ ಮಾಡೆಲ್‌ಗಳನ್ನು, ಅಂದರೆ ಕಂಪನಿಗಳ ಕೆಲಸಕ್ಕೆಂದೇ ಮಾಡಿದ ಲ್ಯಾಪ್‌ಟಾಪ್‌ಗಳನ್ನು ಹುಡುಕುತ್ತಿದ್ದಾರೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಎನ್ನುವ ಹೆಸರುಗಳು ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲೂ ಕೇಳಿಬರುತ್ತಿವೆ. ಕೊರೊನಾ ಕಾಲದಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದ ಮಕ್ಕಳು ಕಂಪನಿಯ ಮಷಿನ್ ಹಿಡಿದುಕೊಂಡು ಬಂದರು. ಅದನ್ನು ನೋಡಿ ಮನೆಯವರಿಗೂ ಅಂಥದ್ದೇ ಬೇಕು ಅನಿಸಿತು. ಕಂಪನಿಗಳು ಬಳಸಿ ಬಿಟ್ಟ ಮಷಿನ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಅದೂ ಒಂದು ಕಾರಣ.

ನಾನು ಕುಮಟಾದಲ್ಲಿ ಲೆಕ್ಕಪತ್ರ, ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್‌ಗಳ ಕೆಲಸ ಮಾಡುತ್ತೇನೆ. ಹಲವು ಬಗೆಯ ಆದಾಯ ತೆರಿಗೆ ರಿಟರ್ನ್‌ಗಳಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಅಂದರೆ ನಮ್ಮ ಕರಾವಳಿಯಲ್ಲಿ ಮಳೆ ಬಿಡದೆ ಹೊಯ್ಯುವ ತಿಂಗಳಲ್ಲೇ ನನಗೆ ಕೆಲಸ ಜಾಸ್ತಿ. ಆಗ ಮಷಿನ್ ಕೈ ಕೊಟ್ಟರೆ ನಷ್ಟ ನನಗೆ ಮಾತ್ರ ಅಲ್ಲ, ನನ್ನನ್ನು ನಂಬಿದ ಅಂಗಡಿಯವರಿಗೆ, ದೋಣಿ ಮಾಲೀಕರಿಗೆ ದಂಡ ಬೀಳುತ್ತದೆ. ಹಾಗಾಗಿ ಈ ವಿಷಯ ನನಗೆ ಬಹಳ ಮುಖ್ಯ. ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಕೇಳಿದವರಿಗೆಲ್ಲ ಫೋನಿನಲ್ಲಿ ಎರಡು ಮಾತು ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಶಿರಸಿ ಹತ್ತಿರದ ತೋಟದ ಮನೆಯಲ್ಲಿ ನನ್ನ ಭಾವ ಇದ್ದಾನೆ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ರಸ್ತೆಯಲ್ಲಿ ಒಬ್ಬ ಗೆಳೆಯನ ಅಂಗಡಿ ಇದೆ. ಇಬ್ಬರ ಹತ್ತಿರವೂ ಒಂದೇ ಮಾಡೆಲ್ಲಿನ ಬಿಸಿನೆಸ್ ಲ್ಯಾಪ್‌ಟಾಪ್. ಭಾವನನ್ನು ಕೇಳಿದರೆ "ಎಂತಾ ತೊಂದ್ರೆನೂ ಇಲ್ಲೆ ಮಾರಾಯ" ಅನ್ನುತ್ತಾನೆ. ಗೆಳೆಯನನ್ನು ಕೇಳಿದರೆ "ಇನ್ನೊಮ್ಮೆ ಈ ಮಷಿನ್ ಸುದ್ದಿ ಬೇಡ" ಅನ್ನುತ್ತಾನೆ. ಅವನದ್ದು ಮೊದಲು ಚಾರ್ಜ್ ಆಗುವುದು ನಿಂತಿತು. ಆಮೇಲೆ ಫ್ಯಾನ್ ಸದ್ದು ಮಾಡತೊಡಗಿತು. ಕೊನೆಗೆ ಒಳಗಿನ ಮುಖ್ಯ ಬೋರ್ಡನ್ನೇ, ಅಂದರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದರು. ಅದರ ಬೆಲೆಗೆ ಒಂದು ಹಳೇ ಲ್ಯಾಪ್‌ಟಾಪೇ ಬರುತ್ತಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಕಂಪನಿಯ ಮಷಿನ್ ಇಟ್ಟುಕೊಂಡವರಿಂದಲೂ ಹೀಗೇ ಎರಡು ಥರದ ಮಾತು ಕೇಳಿದ್ದೇನೆ.

ಇಬ್ಬರೂ ಹೇಳುವುದು ನಿಜವೇ. ಒಬ್ಬರಿಗೆ ಒಳ್ಳೆ ಪೀಸ್ ಸಿಕ್ಕಿತು, ಇನ್ನೊಬ್ಬರಿಗೆ ಕೆಟ್ಟದ್ದು ಸಿಕ್ಕಿತು ಎಂದು ಜನ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಷಿನ್ ಎಲ್ಲಿ ಕೂತಿದೆ, ಯಾವ ಗಾಳಿ ಕುಡಿಯುತ್ತದೆ, ಯಾವ ಕರೆಂಟ್ ತಿನ್ನುತ್ತದೆ ಅನ್ನುವುದನ್ನೂ ನೋಡಬೇಕು.

ಕಾರವಾರದ ಗಾಳಿಯಲ್ಲಿ ಉಪ್ಪಿದೆ. ಫ್ಯಾನ್ ಆ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಉಪ್ಪಿನ ಕಣ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಪೋರ್ಟಿನ ಕಾಲುಗಳ ಮೇಲೆ, ತಾಮ್ರದ ಗೆರೆಗಳ ಮೇಲೆ ಕೂತರೆ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಕಿಲುಬು ಅಲ್ಲೂ ಹಿಡಿಯುತ್ತದೆ. ಮಳೆಗಾಲದಲ್ಲಿ ಬ್ಯಾಗಿನೊಳಗೋ ಕಪಾಟಿನಲ್ಲೋ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಇನ್ನೂ ಕಷ್ಟ. ದಿನಾ ಓಡುವ ಮಷಿನ್ ಬೆಚ್ಚಗಿರುತ್ತದೆ, ಒಳಗೆ ತೇವ ಅಷ್ಟಾಗಿ ಕೂರುವುದಿಲ್ಲ. ಭಾವನ ಊರಿನಲ್ಲೂ ಮಳೆಗೇನು ಕಡಿಮೆ ಇಲ್ಲ, ಗೋಡೆಗೆಲ್ಲ ಬೂಜು ಹಿಡಿಯುತ್ತದೆ. ಆದರೆ ಅಲ್ಲಿ ಉಪ್ಪಿನ ಕಾಟವಿಲ್ಲ. ಅವನ ಮಷಿನ್ ಬೆಳಿಗ್ಗೆಯಿಂದ ರಾತ್ರಿಯವರೆಗೆ ಚಾಲೂ ಇರುತ್ತದೆ.

ಇದಕ್ಕೇ ಸೇರಿದ ಇನ್ನೊಂದು ಸಂಗತಿ. ಕೆಲವು ಹಳೇ ಬಿಸಿನೆಸ್ ಮಾಡೆಲ್‌ಗಳ ಮೇಲೆ ರಬ್ಬರಿನಂಥ ಮೆತ್ತನೆಯ ಲೇಪ ಇರುತ್ತದೆ. ಕೈಗೆ ಹಿತ. ಆದರೆ ಅದು ಹೆಚ್ಚಾಗಿ ಪಾಲಿಯುರಿಥೇನ್. ಗಾಳಿಯ ತೇವ ಅದನ್ನು ನಿಧಾನವಾಗಿ ಒಡೆಯುತ್ತದೆ, ಕೆಲವು ವರ್ಷಗಳಲ್ಲಿ ಮೈಯೆಲ್ಲ ಅಂಟಂಟಾಗುತ್ತದೆ. ನಮ್ಮ ಕರಾವಳಿಗೆ ಆ ಲೇಪ ಬೇಡವೇ ಬೇಡ.

ಇನ್ನು ಕರೆಂಟ್. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಆದರೆ ಎಷ್ಟೋ ಕಡೆ ಅರ್ತಿಂಗ್ ಇರುವುದಿಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ. ಲ್ಯಾಪ್‌ಟಾಪ್ ಹಾಳಾಯಿತು ಎಂದು ನನ್ನ ಹತ್ತಿರ ತಂದು ತೋರಿಸಿದವರಿದ್ದಾರೆ. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರುಗಳಿಂದ ಸೋರುವ ಅಲ್ಪ ಕರೆಂಟ್ ಅದು, ಭೂಮಿಗೆ ಹೋಗಲು ದಾರಿ ಇಲ್ಲದೆ ನಮ್ಮ ಮೈ ಮೂಲಕ ಹೋಗುತ್ತದೆ. ಮೊದಲು ವೈರಿಂಗ್‌ನವರನ್ನು ಕರೆದು ಅರ್ತಿಂಗ್ ಸರಿ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಯಾವ ಬಿಸಿನೆಸ್ ಮಾಡೆಲ್ಲೂ ಸಿಡಿಲನ್ನು ತಡೆದುಕೊಳ್ಳುವುದಿಲ್ಲ.

"ಸರ್, ಇದು ಮಿಲಿಟರಿ ಗ್ರೇಡ್" ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದರ ಹಿಂದೆ ಇರುವುದು ಅಮೆರಿಕದ ರಕ್ಷಣಾ ಇಲಾಖೆಯ ಮಿಲ್-ಎಸ್‌ಟಿಡಿ-810 ಎಂಬ ದಾಖಲೆ. ಅದರಲ್ಲಿ ಹತ್ತಾರು ಪರೀಕ್ಷೆಗಳಿವೆ. 507ನೆಯದು ತೇವಾಂಶಕ್ಕೆ, 509 ಉಪ್ಪುನೀರಿನ ಮಂಜಿಗೆ, 510 ಧೂಳು ಮತ್ತು ಮರಳಿಗೆ, 516 ಹೊಡೆತಕ್ಕೆ. ಇವುಗಳಲ್ಲಿ ಯಾವುದನ್ನು ಮಾಡಬೇಕು ಎಂದು ಲ್ಯಾಪ್‌ಟಾಪ್ ಕಂಪನಿಯೇ ಆರಿಸಿಕೊಳ್ಳುತ್ತದೆ. ಪಾಸು, ಫೇಲು ಎಂದು ಮುದ್ರೆ ಒತ್ತುವ ಸರಕಾರಿ ಕಚೇರಿ ಯಾವುದೂ ಇಲ್ಲ. ಪರೀಕ್ಷೆ ಆಗುವುದೂ ಹೊಸ ಮಷಿನ್‌ಗೆ. ಉಪ್ಪಿನ ಪರೀಕ್ಷೆಯಲ್ಲಿ ಸುಮಾರು 5 ಶೇಕಡಾ ಉಪ್ಪಿನ ನೀರನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಸಿಂಪಡಿಸಿ, ಒಂದು ದಿನ ಒಣಗಿಸಿ, ಮತ್ತೊಮ್ಮೆ ಅದನ್ನೇ ಮಾಡುತ್ತಾರೆ. ನಮ್ಮ ಗೆಳೆಯನ ಅಂಗಡಿಗೆ ವರ್ಷವಿಡೀ ಉಪ್ಪುಗಾಳಿ ಬಡಿಯುತ್ತದೆ. ಪರೀಕ್ಷೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಟೇಬಲಿನಿಂದ ಬಿದ್ದ ಮಷಿನ್‌ಗಳು ಏನೂ ಆಗದೆ ಎದ್ದು ಓಡಿದ್ದನ್ನು ನೋಡಿದ್ದೇನೆ. ಕರಾವಳಿಯವರು ಕೊಳ್ಳುವ ಮೊದಲು ಆ ಮಾಡೆಲ್ಲಿನ ಪಟ್ಟಿಯಲ್ಲಿ 509 ಇದೆಯೇ ಎಂದು ನೋಡಲೇಬೇಕು.

ವಿನ್ಯಾಸದ ವಿಷಯಕ್ಕೆ ಬಂದರೆ ನನಗೆ ಹೆಮ್ಮೆಯೂ ಇದೆ, ಸಿಟ್ಟೂ ಇದೆ.

ಐಬಿಎಂ ಕಂಪನಿ 1992ರಲ್ಲಿ ಮೊದಲ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳನ್ನು ತಂದಿತು. ಜಪಾನಿನ ಕಪ್ಪು ಬುತ್ತಿಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟು ಅದಕ್ಕೆ ರೂಪ ಕೊಟ್ಟವರು ರಿಚರ್ಡ್ ಸ್ಯಾಪರ್ ಎಂಬ ಜರ್ಮನ್ ವಿನ್ಯಾಸಗಾರ. 2005ರಲ್ಲಿ ಆ ವ್ಯವಹಾರ ಲೆನೊವೊ ಕೈಗೆ ಹೋಯಿತು. ಇಷ್ಟು ವರ್ಷವಾದರೂ ಆ ಕಪ್ಪು ಪೆಟ್ಟಿಗೆ, ಕೀಬೋರ್ಡಿನ ನಡುವಿನ ಕೆಂಪು ಗುಂಡಿ ಉಳಿದುಕೊಂಡು ಬಂದಿವೆ. ಕೆಲಸಕ್ಕೆ ಬರುವ ವಸ್ತುವನ್ನು ಸುಮ್ನೆ ಬದಲಿಸಬಾರದು ಎಂಬ ಆ ನಿಷ್ಠೆ ನನಗೆ ಬಹಳ ಇಷ್ಟ. ಈ ಸಾಲಿನ ಹಲವು ಮಷಿನ್‌ಗಳ ಕೀಬೋರ್ಡಿನ ಮೇಲೆ ನೀರು ಚೆಲ್ಲಿದರೆ ಕೆಳಗೆ ಹರಿದು ಹೋಗಲು ತೂತುಗಳಿವೆ. ಬಿಚ್ಚುವುದು ಹೇಗೆ, ಯಾವ ಸ್ಕ್ರೂ ಎಲ್ಲಿದೆ ಎಂದು ಹೇಳುವ ರಿಪೇರಿ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ಪುಕ್ಕಟೆ ಕೊಡುತ್ತದೆ. ಶಿರಸಿಯಲ್ಲೋ ಹೊನ್ನಾವರದಲ್ಲೋ ಸಣ್ಣ ಅಂಗಡಿ ಇಟ್ಟುಕೊಂಡ ಹುಡುಗನಿಗೆ ಆ ಕೈಪಿಡಿಯಿಂದ ಆಗುವ ಉಪಕಾರ ದೊಡ್ಡದು.

2018ರ ಟಿ480 ಮಾಡೆಲನ್ನು ನೋಡಿ. ಒಳಗೆ ಒಂದು ಬ್ಯಾಟರಿ, ಹಿಂದೆ ಇನ್ನೊಂದು. ಹಿಂದಿನದನ್ನು ಮಷಿನ್ ಆಫ್ ಮಾಡದೆಯೇ ಬದಲಿಸಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಯಾವುದಿದೆ ಹೇಳಿ? ರ‍್ಯಾಮ್ (ಮಷಿನ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಹಾಕಲು, ಬೇಕಾದಾಗ ತೆಗೆಯಲು ಎರಡು ಸ್ಲಾಟ್ ಇವೆ. ಮರು ವರ್ಷದ ಟಿ490ರಲ್ಲಿ ಹಿಂದಿನ ಬ್ಯಾಟರಿ ಹೋಯಿತು, ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆ ಆಯಿತು. ತೆಳ್ಳಗಾಗಲಿ, ಹಗುರಾಗಲಿ ಎಂಬ ಆಸೆಗೆ ಹೀಗೆ ಮಾಡಿದರು. ವಿಮಾನದಲ್ಲಿ ಓಡಾಡುವವರಿಗೆ ಅದು ಬೇಕಾಗಿತ್ತು, ಅಲ್ವಾ? ಟೇಬಲಿನ ಮೇಲೆ ಇಟ್ಟು ಲೆಕ್ಕ ಬರೆಯುವ ನಮಗೆ ಬೇಕಾಗಿರಲಿಲ್ಲ. ಬೆಸುಗೆ ಹಾಕಿದ ರ‍್ಯಾಮ್ ಕೆಟ್ಟರೆ ಇಡೀ ಬೋರ್ಡ್ ಬದಲಿಸಬೇಕಾಗುತ್ತದೆ. ಚಾರ್ಜಿಂಗ್ ಪೋರ್ಟ್ ಕೂಡ ಬಹಳ ಮಾಡೆಲ್‌ಗಳಲ್ಲಿ ಬೋರ್ಡಿಗೇ ಅಂಟಿಕೊಂಡಿದೆ. ದಿನಾ ಹಾಕಿ ತೆಗೆಯುವ, ಎಲ್ಲಕ್ಕಿಂತ ಬೇಗ ಸವೆಯುವ ಜಾಗ ಅದು. ಅದನ್ನೇ ಎಲ್ಲಕ್ಕಿಂತ ದುಬಾರಿ ಭಾಗಕ್ಕೆ ಕಟ್ಟಿಹಾಕಿದ್ದು ನನ್ನ ಪ್ರಕಾರ ದೊಡ್ಡ ತಪ್ಪು. ಈ ಮಾತು ಎಲ್ಲಾ ಕಂಪನಿಗಳಿಗೂ ಸಲ್ಲುತ್ತದೆ.

ಎಲ್ಲವನ್ನೂ ಊರಿನ ಮೇಲೆ ಹಾಕಿ ಕಂಪನಿಗಳನ್ನು ಬಿಡಲೂ ಆಗದು. 2017ರಿಂದ 2019ರವರೆಗಿನ ಹಲವು ಥಿಂಕ್‌ಪ್ಯಾಡ್‌ಗಳ ಟೈಪ್-ಸಿ ಥಂಡರ್‌ಬೋಲ್ಟ್ ಪೋರ್ಟಿನಲ್ಲಿ ಫರ್ಮ್‌ವೇರ್ (ಚಿಪ್‌ನೊಳಗೇ ಇರುವ ಸಾಫ್ಟ್‌ವೇರ್) ತೊಂದರೆ ಇತ್ತು. ಚಾರ್ಜಿಂಗೇ ನಿಲ್ಲಬಹುದಿತ್ತು. ಲೆನೊವೊ ಅದನ್ನು ಬಹಿರಂಗವಾಗಿ ಹೇಳಿ ಅಪ್‌ಡೇಟ್ ಬಿಟ್ಟಿತು. ಸಮಯಕ್ಕೆ ಅಪ್‌ಡೇಟ್ ಹಾಕಿಕೊಂಡವರು ಪಾರಾದರು. ಹಾಕದವರಲ್ಲಿ ಕೆಲವರಿಗೆ ಬೋರ್ಡ್ ಬದಲಿಸುವ ಗತಿ ಬಂತು. ಹಳ್ಳಿಯಲ್ಲಿ ನೆಟ್ ಸರಿ ಇಲ್ಲ ಎಂದು ಅಪ್‌ಡೇಟ್ ಬಂದ್ ಮಾಡಿಟ್ಟವರು ನಮ್ಮಲ್ಲಿ ಎಷ್ಟು ಜನ! ಒಂದೇ ಮಾಡೆಲ್ ಬಗ್ಗೆ ಎರಡು ಮಾತು ಹುಟ್ಟುವುದು ಹೀಗೂ ಹೌದು.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2024ರ ಥಿಂಕ್‌ಪ್ಯಾಡ್ ಟಿ14 ಐದನೇ ತಲೆಮಾರಿನ ಮಾಡೆಲ್‌ಗೆ ವಸ್ತುಗಳನ್ನು ಬಿಚ್ಚಿ ನೋಡಿ ರಿಪೇರಿ ಮಾರ್ಗದರ್ಶಿ ಬರೆಯುವ ಐಫಿಕ್ಸಿಟ್ ಸಂಸ್ಥೆ ರಿಪೇರಿ ಸುಲಭತೆಗೆ 10ಕ್ಕೆ 9 ಅಂಕ ಕೊಟ್ಟಿತು. ರ‍್ಯಾಮ್ ಮತ್ತೆ ಸ್ಲಾಟಿಗೆ ಬಂದಿದೆ, ಬ್ಯಾಟರಿ ಸುಲಭವಾಗಿ ಕಳಚಿ ಬರುತ್ತದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗಲೇ ರಿಪೇರಿ ಅಂಕ ತೋರಿಸಬೇಕು ಎಂಬ ನಿಯಮವಿದೆ. ನಮ್ಮ ಕೇಂದ್ರ ಸರಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೊಳ್ಳುವವರು ಕೇಳಿದರೆ ಕಂಪನಿಗಳು ಬದಲಾಗುತ್ತವೆ ಎಂದು ನಾನು ನಂಬುತ್ತೇನೆ.

ವಾರಂಟಿ ಬಗ್ಗೆ ಒಂದು ಮಾತು. ಬಿಸಿನೆಸ್ ಮಾಡೆಲ್‌ಗೆ ಹೆಚ್ಚು ಹಣ ಕೊಡುವುದೇ ಮನೆಗೆ ಬಂದು ರಿಪೇರಿ ಮಾಡುತ್ತಾರೆ ಎಂದು. ನನ್ನ ಮಷಿನ್‌ಗೂ ಆ ಭರವಸೆ ಇತ್ತು. ಮರುದಿನವೇ ಬರುತ್ತೇವೆ ಎಂದವರು ಬಂದಿದ್ದು ಎಷ್ಟೋ ದಿನ ಬಿಟ್ಟು. ಎಂಜಿನಿಯರ್ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರಬೇಕು, ಪಾರ್ಟ್ ಬೇರೆ ಊರಿನಿಂದ ಬರಬೇಕು. ಬಂದ ಹುಡುಗ ಚೆನ್ನಾಗಿಯೇ ಕೆಲಸ ಮಾಡಿದ, ಅವನ ಮೇಲೆ ನನಗೆ ದೂರಿಲ್ಲ. ಅಷ್ಟು ದಿನ ನನ್ನ ಕೆಲಸ ನಡೆದದ್ದು ಹಳೆಯ ಇನ್ನೊಂದು ಮಷಿನ್‌ನಿಂದ. ಅದರ ಕೀಬೋರ್ಡನ್ನು ಕುಮಟಾದಲ್ಲೇ ಒಬ್ಬರು ಮಧ್ಯಾಹ್ನದೊಳಗೆ ಬದಲಿಸಿ ಕೊಟ್ಟಿದ್ದರು. ಅದಕ್ಕೇ ಹೇಳುತ್ತೇನೆ, ನಮ್ಮ ಜಿಲ್ಲೆಯಲ್ಲಿ ಭರವಸೆಯ ಲ್ಯಾಪ್‌ಟಾಪ್ ಎಂದರೆ ಕೆಟ್ಟ ದಿನ ನಮ್ಮ ಊರಿನಲ್ಲೇ ಬಿಚ್ಚಿ ಸರಿ ಮಾಡಲು ಬರುವ ಲ್ಯಾಪ್‌ಟಾಪ್. ಹೊಳಪು, ತೂಕ, ತೆಳು ಮೈ ಎಲ್ಲ ಆಮೇಲೆ.

ಸೆಕೆಂಡ್‌ಹ್ಯಾಂಡ್ ತರುವವರು ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಪ್ರೊಸೆಸರ್‌ಗಳಿಗೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ. ಆರನೇ, ಏಳನೇ ತಲೆಮಾರಿನ ಮಷಿನ್ ಅಷ್ಟು ಸಸ್ತಾ ಸಿಗುವುದಕ್ಕೆ ಇದೂ ಕಾರಣ. ಬಯಾಸ್‌ಗೆ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಪಾಸ್‌ವರ್ಡ್ ಇದೆಯೇ ಎಂದು ಅಲ್ಲೇ ಆನ್ ಮಾಡಿ ನೋಡಿ. ಹಳೇ ಕಂಪನಿ ಹಾಕಿದ ಬೀಗ ಹಾಗೇ ಉಳಿದಿದ್ದರೆ ಮುಂದೆ ಬಹಳ ಕಷ್ಟ. ಟಚ್‌ಪ್ಯಾಡ್ ಉಬ್ಬಿದ್ದರೆ ಕೆಳಗಿನ ಬ್ಯಾಟರಿ ಊದಿರಬಹುದು. ಅಂಥದ್ದನ್ನು ಮುಟ್ಟಬೇಡಿ. ನಿಮ್ಮ ಮಷಿನ್ ಸದಾ ಚಾರ್ಜಿನಲ್ಲೇ ಇರುತ್ತದೆ ಎಂದಾದರೆ ಚಾರ್ಜ್ 80 ಶೇಕಡಾಕ್ಕೆ ನಿಲ್ಲುವಂತೆ ಸೆಟ್ಟಿಂಗ್ ಮಾಡಿಕೊಳ್ಳಿ. ಬಹುತೇಕ ಬಿಸಿನೆಸ್ ಮಾಡೆಲ್‌ಗಳಲ್ಲಿ ಆ ಸೌಲಭ್ಯವಿದೆ. ತುಂಬಿದ ಬ್ಯಾಟರಿ, ಮೇಲಿಂದ ನಮ್ಮ ಸೆಕೆ, ಎರಡೂ ಸೇರಿದರೆ ಲಿಥಿಯಂ ಬ್ಯಾಟರಿ ಬೇಗ ಸಾಯುತ್ತದೆ.

ಕೊನೆಯದಾಗಿ ನಮ್ಮ ಸಹಕಾರಿ ಸೊಸೈಟಿಗಳು, ಕಾಲೇಜುಗಳು, ಪಂಚಾಯಿತಿಗಳಿಗೆ ನನ್ನ ವಿನಂತಿ. ನಾನೊಬ್ಬ ಒಂದು ಮಷಿನ್ ಕೊಳ್ಳುವಾಗ ನನ್ನ ಮಾತು ಯಾರೂ ಕೇಳುವುದಿಲ್ಲ. ನೀವು ಒಟ್ಟಿಗೆ ಹತ್ತು, ಇಪ್ಪತ್ತು ಕೊಳ್ಳುತ್ತೀರಿ. ಕೊಟೇಶನ್ ಕರೆಯುವಾಗ ಬರೀ ಪ್ರೊಸೆಸರ್, ರ‍್ಯಾಮ್, ಬೆಲೆ ಕೇಳಬೇಡಿ. ರ‍್ಯಾಮ್ ಸ್ಲಾಟಿನಲ್ಲಿ ಇರಬೇಕು, ಬ್ಯಾಟರಿ ಸ್ಕ್ರೂ ಬಿಚ್ಚಿದರೆ ಬರಬೇಕು, ಚಾರ್ಜಿಂಗ್ ಪೋರ್ಟ್ ಬೇರೆಯಾಗಿ ಬದಲಿಸಲು ಸಾಧ್ಯವಿದ್ದರೆ ಅದಕ್ಕೆ ಆದ್ಯತೆ, ಐದು ವರ್ಷ ಬಿಡಿಭಾಗ ಸಿಗಬೇಕು, ರಿಪೇರಿ ಕೈಪಿಡಿ ಬೇಕು, ಎಂಜಿನಿಯರ್ ಎಲ್ಲಿಂದ ಬರುತ್ತಾನೆ ಮತ್ತು ಎಷ್ಟು ದಿನದಲ್ಲಿ ಬರುತ್ತಾನೆ ಎಂದು ಬರವಣಿಗೆಯಲ್ಲಿ ಕೊಡಬೇಕು. ಇಷ್ಟನ್ನೂ ಷರತ್ತಿನಲ್ಲಿ ಸೇರಿಸಿ. ಹೇಗೆ ಬರೆಯಬೇಕು ಎಂದು ಯಾರಿಗಾದರೂ ನೆರವು ಬೇಕಿದ್ದರೆ ಮೆಸೇಜ್ ಮಾಡಿ, ನಾನು ಕೂತು ಬರೆದು ಕೊಡುತ್ತೇನೆ. ಜುಲೈ ಒಂದು ತಿಂಗಳು ಮಾತ್ರ ಬಿಟ್ಟುಬಿಡಿ.