ಒಬ್ಬಳೇ ಹೋದರೆ ಮುಂಬೈ ಅಗ್ಗ

ಪ್ರವಾಸ ಹೋದಾಗ ದುಡ್ಡು ಎಲ್ಲಿ ಖರ್ಚಾಗುತ್ತದೆ? ಊರು ನೋಡುವುದಕ್ಕಂತೂ ಅಲ್ಲ. ಜೊತೆಗೆ ಬಂದವರ ಬೇಸರ ಕಳೆಯುವುದಕ್ಕೆ. ಗೇಟ್‌ವೇ ಆಫ್ ಇಂಡಿಯಾ ನೋಡಲು ಟಿಕೆಟ್ ಇಲ್ಲ. ಆದರೆ ಮನೆಮಂದಿಯೆಲ್ಲ ಹೋಗಿ ಅದರ ಮುಂದೆ ನಿಂತ ಹತ್ತು ನಿಮಿಷಕ್ಕೆ 'ಆಯ್ತಲ್ಲ, ಮುಂದೇನು?' ಅಂತ ಶುರುವಾಗುತ್ತದೆ. ಮಕ್ಕಳಿಗೆ ಐಸ್‌ಕ್ರೀಂ. ಅತ್ತೆಯವರಿಗೆ ಕಾಲುನೋವು, ಹಾಗಾಗಿ ಟ್ಯಾಕ್ಸಿ. ಮನೆಯವರಿಗೆ ಸೆಖೆ, ಹಾಗಾಗಿ ಎಸಿ ಹೋಟೆಲಲ್ಲೇ ಊಟ. ಒಬ್ಬೊಬ್ಬರ ಬೇಸರಕ್ಕೂ ಒಂದೊಂದು ಬಿಲ್ಲು. ನನ್ನೊಬ್ಬಳ ಬೇಸರಕ್ಕೆ ಬಿಲ್ಲಿಲ್ಲ. ಬೇಜಾರಾದರೆ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತೇನೆ, ಅಷ್ಟೇ.

ಕೆಲಸದ ಮೇಲೆ ಆಗಾಗ ಮುಂಬೈಗೆ ಹೋಗುವ ನಾನು, ಕೆಲಸ ಮುಗಿದ ಮೇಲೆ ಒಂದೆರಡು ದಿನ ನನಗೇ ಅಂತ ಉಳಿಸಿಕೊಳ್ಳುತ್ತೇನೆ. 'ಒಬ್ಬಳೇನಾ?' ಅಂತ ಎಲ್ಲರೂ ಕೇಳುತ್ತಾರೆ. ಕೇಳುವ ಧಾಟಿಯಲ್ಲಿ ಅರ್ಧ ಕಾಳಜಿ, ಅರ್ಧ ಅನುಮಾನ. 'ಒಬ್ಬಳೇ ಏನು ಮಾಡ್ತೀಯಾ ಅಲ್ಲಿ?' ಅನ್ನುವುದು ಎರಡನೇ ಪ್ರಶ್ನೆ. ಏನೂ ಮಾಡುವುದಿಲ್ಲ. ಬೇರೆಯವರು ಮಾಡುವುದನ್ನು ನೋಡುತ್ತೇನೆ. ಮುಂಬೈಯಲ್ಲಿ ಇದಕ್ಕಿಂತ ಅಗ್ಗದ ಮನರಂಜನೆ ಇಲ್ಲ. ಅಷ್ಟು ದೊಡ್ಡ ಊರಲ್ಲಿ ಎಲ್ಲರಿಗೂ ಕೆಲಸ ಇರುತ್ತದೆ. ಕೆಲಸ ಇಲ್ಲದವಳು ನಾನೊಬ್ಬಳೇ.

ಮುಂಬೈ ಅಗ್ಗ ಅಂದರೆ ನಗುತ್ತೀರಿ, ಗೊತ್ತು. ರೂಮಿನ ವಿಷಯದಲ್ಲಿ ನಗಲೇಬೇಕು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಕೋಣೆಗೂ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಒಬ್ಬಳೇ ಅಂತ ಅರ್ಧ ದರಕ್ಕೇನೂ ಕೊಡುವುದಿಲ್ಲ. ಹೆಂಗಸರ ಡಾರ್ಮಿಟರಿ ಸಿಕ್ಕರೆ ಪುಣ್ಯ. ನಮ್ಮ ಕಡೆಯವರಿಗಾದರೆ ಇನ್ನೊಂದು ದಾರಿ ಇದೆ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಯಾರಿಗಾದರೂ ಒಬ್ಬರು ಚಿಕ್ಕಮ್ಮ ಇದ್ದೇ ಇರುತ್ತಾರೆ. ಅಲ್ಲಿ ಉಳಿದರೆ ಬಾಡಿಗೆ ಉಳಿಯುತ್ತದೆ. ಆದರೆ ರಾತ್ರಿ ಎಂಟಕ್ಕೆ ಮನೆ ಸೇರಬೇಕು, ಮತ್ತೆ ಊರಿನ ಎಲ್ಲರ ಮನೆ ಸುದ್ದಿಯನ್ನೂ ಒಪ್ಪಿಸಬೇಕು. ಯಾವುದು ದುಬಾರಿ ಅಂತ ಅವರವರೇ ತೂಗಿ ನೋಡಿಕೊಳ್ಳಲಿ.

ರೂಮೊಂದು ದಾಟಿದರೆ ಆಮೇಲೆ ಪರ್ಸಿಗೆ ಅಷ್ಟು ಕೆಲಸ ಇಲ್ಲ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಟಿಕೆಟ್ ಶುರುವಾಗುವುದೇ 5 ರೂಪಾಯಿಯಿಂದ. ದಿನವಿಡೀ ಸುತ್ತುವವರಿಗೆ ಟೂರಿಸ್ಟ್ ಟಿಕೆಟ್ ಅಂತಲೇ ಇದೆ, 1, 3, 5 ದಿನಗಳದ್ದು. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಮೂರೂ ಲೈನಿಗೂ ನಡೆಯುತ್ತದೆ. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಬಹುದು. ಹೊತ್ತು ಮಾತ್ರ ನೋಡಿಕೊಳ್ಳಬೇಕು. ಬೆಳಿಗ್ಗೆ ಊರೆಲ್ಲ ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಅನ್ನುವ ಕೊನೆಯ ಸ್ಟೇಷನ್ನುಗಳ ಕಡೆಗೆ ನುಗ್ಗುತ್ತದೆ. ಸಂಜೆ ಅಷ್ಟೂ ಜನ ವಾಪಸ್. ಕೆಲಸ ಇಲ್ಲದವರು ಆ ಹೊತ್ತಲ್ಲಿ ಉಲ್ಟಾ ದಿಕ್ಕಿನ ಗಾಡಿ ಹತ್ತಬೇಕು, ಇಲ್ಲವೇ ಮಧ್ಯಾಹ್ನ ಹೊರಡಬೇಕು.

ಲೋಕಲ್ ರೈಲಿನ ಹೆಂಗಸರ ಡಬ್ಬಿ ಅಂದರೆ ಅದೇ ಒಂದು ಪ್ರಪಂಚ. ಇಡೀ ಗಾಡಿಯನ್ನೇ ಹೆಂಗಸರಿಗೆ ಬಿಟ್ಟುಕೊಟ್ಟ ಲೇಡೀಸ್ ಸ್ಪೆಷಲ್ ಮೊದಲು ಓಡಿದ್ದು 1992ರಲ್ಲಿ, ಚರ್ಚ್‌ಗೇಟಿನಿಂದ ಬೋರಿವಲಿಗೆ. ನಾನು ಹತ್ತುವುದು ಮಾಮೂಲಿ ಗಾಡಿಯ ಲೇಡೀಸ್ ಡಬ್ಬಿಯನ್ನೇ. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಬಿಡುವುದು ಅಲ್ಲಿನ ಕಾಯಿದೆ. ಯಾರೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರುವುದಿಲ್ಲ. ನಾಲ್ಕನೆಯವಳು ಅರ್ಧ ಕೂತು ಅರ್ಧ ನಿಂತು ಅಂಧೇರಿ ಮುಟ್ಟುತ್ತಾಳೆ. ಆಮೇಲೆ 'ಎಲ್ಲಿ ಇಳಿಯೋದು?' ಅನ್ನುವ ಪ್ರಶ್ನೆ. ಇದು ಕುಶಲ ವಿಚಾರಣೆ ಅಲ್ಲ, ನಿಮ್ಮ ಸೀಟಿಗೆ ಹಾಕಿದ ಟವೆಲ್. 'ದಾದರ್' ಅಂದಿರೋ, ಅಲ್ಲಿಯವರೆಗೆ ಅವಳು ನಿಮ್ಮ ಮಂಡಿಗೆ ಮಂಡಿ ಒತ್ತಿಕೊಂಡೇ ನಿಂತಿರುತ್ತಾಳೆ.

ಒಂದು ಸಲ ನನ್ನ ಎದುರು ಕೂತವಳು ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ತೊಡೆಯ ಮೇಲೆ ಹರಡಿಕೊಂಡಳು. ಇನ್ನೊಂದು ಕವರಿನಿಂದ ಬಟಾಣಿ ಬಂತು. ಬಿಡಿಸತೊಡಗಿದಳು. ಕಾಳು ಡಬ್ಬಿಗೆ, ಸಿಪ್ಪೆ ಕವರಿಗೆ. ಕಣ್ಣು ಮಾತ್ರ ಫೋನಿನ ಮೇಲೆ, ಸೀರಿಯಲ್ ನಡೀತಿತ್ತು. ಪಕ್ಕದವಳು ಏನೂ ಕೇಳದೆ ಒಂದು ಹಿಡಿ ಬಟಾಣಿ ತನ್ನ ಕಡೆ ಎಳೆದುಕೊಂಡು ತಾನೂ ಬಿಡಿಸತೊಡಗಿದಳು. ಅಷ್ಟರಲ್ಲಿ ಕ್ಲಿಪ್ಪು, ಬಿಂದಿ ಮಾರುವವಳು ಹತ್ತಿದಳು. ತನ್ನ ಇಡೀ ಅಂಗಡಿಯನ್ನು ಮೇಲಿನ ಹಿಡಿಗೆ ನೇತುಹಾಕಿದಳು. ಗಾಡಿ ತಿರುಗಿದಾಗೆಲ್ಲ ಅಂಗಡಿಯೂ ತೂಗುತ್ತಿತ್ತು. ಬಟಾಣಿಯವಳು ಬಿಡಿಸುವುದು ನಿಲ್ಲಿಸದೆ, ಗಲ್ಲದಲ್ಲೇ ತೋರಿಸಿ ಒಂದು ಕ್ಲಿಪ್ಪಿನ ರೇಟು ಕೇಳಿ, ಐದು ರೂಪಾಯಿ ಇಳಿಸಿ, ಕೊಂಡುಕೊಂಡೂ ಬಿಟ್ಟಳು. ಇದನ್ನು ನೋಡಲು ನಾನು ಟಿಕೆಟ್ಟಿನ ದುಡ್ಡು ಬಿಟ್ಟು ಬೇರೇನೂ ಕೊಟ್ಟಿಲ್ಲ. ಕೊನೆಗೆ ಒಂದು ಕ್ಲಿಪ್ಪು ನಾನೂ ತೆಗೆದುಕೊಂಡೆ ಅನ್ನಿ.

ಸಿಎಸ್‌ಎಂಟಿ ಸ್ಟೇಷನ್ನನ್ನು ಜನ ಹೊರಗೆ ನಿಂತು ಫೋಟೊ ತೆಗೆದು ಮುಗಿಸಿಬಿಡುತ್ತಾರೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ಅನ್ನುವವನು ವಿನ್ಯಾಸ ಮಾಡಿ, 1878ರಲ್ಲಿ ಶುರುವಾಗಿ ಹತ್ತು ವರ್ಷ ಕಟ್ಟಿದ ಕಟ್ಟಡ ಅದು. 2004ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಗೇಟಿನ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಸಿಂಹ, ಇನ್ನೊಂದು ಕಡೆ ನಮ್ಮ ಹುಲಿ ಕೂತಿವೆ. ಆದರೆ ನೋಡಬೇಕಾದ್ದು ಒಳಗಿದೆ, ಅದೂ ಲೋಕಲ್ ಟಿಕೆಟ್ ಕೊಡುವ ಹಾಲಿನಲ್ಲಿ. ಕತ್ತೆತ್ತಿದರೆ ಕಮಾನಿನ ಚಾವಣಿ, ಅದರ ತುಂಬ ನಕ್ಷತ್ರ. ಅದಕ್ಕೆ ಸ್ಟಾರ್ ಚೇಂಬರ್ ಅಂತಲೇ ಹೆಸರು. ಕೆಳಗೆ ಕ್ಯೂನಲ್ಲಿ ನಿಂತವರು ಯಾರೂ ಕತ್ತೆತ್ತುವುದಿಲ್ಲ, ಚಿಲ್ಲರೆ ಎಣಿಸುತ್ತಿರುತ್ತಾರೆ. ನಾನೊಬ್ಬಳೇ ಕತ್ತೆತ್ತಿ ನಿಂತರೆ, ಹಿಂದಿನವರು 'ಏನಾಯ್ತು ಮೇಲೆ?' ಅಂತ ಗಾಬರಿಯಿಂದ ತಾವೂ ನೋಡುತ್ತಾರೆ.

ಹೊರಗೆ ಬಂದರೆ ಬೆಸ್ಟ್, ಅಂದರೆ ಮುಂಬೈಯ ಸಿಟಿ ಬಸ್ಸು. ಹಳೆಯ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು. ಅದೇ ವರ್ಷ ಬಂದ ಎಸಿ ಎಲೆಕ್ಟ್ರಿಕ್ ಡಬಲ್ ಡೆಕ್ಕರ್ ಈಗ ಆ ಜಾಗದಲ್ಲಿದೆ. ಹತ್ತು ಹನ್ನೆರಡು ರೂಪಾಯಿಯಿಂದ ಟಿಕೆಟ್ ಶುರು. ಮಹಡಿಯ ಮುಂದಿನ ಸೀಟು ಸಿಗಬೇಕು, ಅದಕ್ಕೆ ಶುರುವಿನ ಸ್ಟಾಪಿನಲ್ಲೇ ಹತ್ತಬೇಕು. ಮಕ್ಕಳ ಜೊತೆ ಜಗಳ ಆಡಬೇಕಾಗುತ್ತದೆ. ನಾಚಿಕೊಂಡರೆ ಸೀಟು ಹೋಯಿತು.

ಬೆಳಿಗ್ಗೆ ಹನ್ನೊಂದೂವರೆಗೆ ಎಲ್ಲೇ ಇದ್ದರೂ ನಾನು ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಬಂದಿರುತ್ತೇನೆ. ಮನೆಯೂಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗಳು ಬರುವ ಹೊತ್ತು. 1890ರಿಂದ ನಡೆದುಬಂದ ವ್ಯವಸ್ಥೆ. ಉದ್ದನೆಯ ಮರದ ತಟ್ಟೆಯ ತುಂಬ ಡಬ್ಬಿ. ಇಬ್ಬರು ಎತ್ತುತ್ತಾರೆ, ಮೂರನೆಯವನು ತಲೆ ಕೊಡುತ್ತಾನೆ. ಗಾಂಧಿ ಟೋಪಿಯ ಕೆಳಗೆ ಕತ್ತಿನ ನರ ಬಿಗಿಯುವುದು ಕಾಣುತ್ತದೆ. ಸ್ಟೇಷನ್ನಿನ ಜನಸಾಗರ ಅವನಿಗೆ ಮಾತ್ರ ದಾರಿ ಬಿಡುತ್ತದೆ. ಹೊರಗೆ ಫುಟ್‌ಪಾತಿನ ಮೇಲೆ ತಟ್ಟೆ ಇಳಿಸಿದ ಮೇಲೆ ವಿಂಗಡಣೆ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ, ಅಕ್ಷರ. ಯಾವ ಸ್ಟೇಷನ್ನಿಂದ ಬಂತು, ಯಾವ ಬಿಲ್ಡಿಂಗಿಗೆ, ಎಷ್ಟನೇ ಮಹಡಿಗೆ ಅನ್ನುವುದೆಲ್ಲ ಅದರಲ್ಲೇ ಇದೆ. ಹೆಸರು ಮಾತ್ರ ಇಲ್ಲ. ಯಾರೂ ನಿಂತು ಓದುವುದಿಲ್ಲ. ಕೈ ಡಬ್ಬಿ ಮುಟ್ಟುತ್ತದೆ, ಡಬ್ಬಿ ಸರಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಕೆಲವು ನಿಮಿಷದಲ್ಲಿ ಫುಟ್‌ಪಾತ್ ಖಾಲಿ. ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡೂ ಕಡೆ ಡಬ್ಬಿ ತೂಗಿಸಿಕೊಂಡು ಕೊನೆಯವನೂ ಹೊರಟಿರುತ್ತಾನೆ. ಭಾನುವಾರ ಹೋದರೆ ಇದು ಸಿಗುವುದಿಲ್ಲ. ಮನೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದೆ. 'ಊಟದ ಡಬ್ಬಿ ತಾನೇ?' ಅಂದರು. ಆಮೇಲೆ ಎಸಿ ಹೋಟೆಲಿಗೆ ಹೋದೆವು.

ದಾದರಿನ ಹೂವಿನ ಮಾರ್ಕೆಟ್ಟಿಗೆ ಮಾತ್ರ ಬೆಳಗ್ಗೆ ಬೇಗ ಏಳಬೇಕು. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಮೂಗೇ ದಾರಿ ತೋರಿಸುತ್ತದೆ. ಮೊಳ, ಮಾರು ಅಂತ ಹೂವು ಅಳೆಯುವ ನಮಗೆ ಚೆಂಡು ಹೂವನ್ನು ಕಿಲೋಗಟ್ಟಲೆ ತಕ್ಕಡಿಗೆ ಸುರಿಯುವುದು ನೋಡಿದರೆ ಒಂಥರಾ ಸಂಕಟ. ಅಲ್ಲಿ ದಾರಿಗೆ ಅಡ್ಡ ನಿಲ್ಲಬಾರದು. ನಿಂತರೆ ಬೈಗುಳವೂ ಬಿಟ್ಟಿ.

ಒಬ್ಬರೇ ಓಡಾಡುವುದರಲ್ಲಿ ನಿಜವಾದ ತೊಂದರೆ ಒಂದೇ. ಚೀಲ ಯಾರು ನೋಡಿಕೊಳ್ಳುತ್ತಾರೆ? ಇದನ್ನು ಯಾವ ಪ್ರವಾಸದ ಪುಸ್ತಕವೂ ಹೇಳುವುದಿಲ್ಲ. ಜೊತೆಗೆ ಗಂಡ ಇದ್ದರೆ ಅವರ ಮುಖ್ಯ ಉಪಯೋಗವೇ ಅದು, 'ಇದನ್ನ ಹಿಡ್ಕೊಳ್ಳಿ' ಅಂತ ಟಾಯ್ಲೆಟ್ಟಿಗೆ ಹೋಗಬಹುದು. ಒಬ್ಬಳೇ ಇದ್ದರೆ ದೊಡ್ಡ ಬ್ಯಾಗು ಸ್ಟೇಷನ್ನಿನ ಕ್ಲೋಕ್ ರೂಮಿಗೆ, ಹೆಗಲಿಗೊಂದು ಸಣ್ಣ ಚೀಲ. ಮ್ಯೂಸಿಯಮ್ಮೋ ಗ್ಯಾಲರಿಯೋ ಸಿಕ್ಕಾಗ, ಬೇಕಿರಲಿ ಬೇಡದಿರಲಿ, ಟಾಯ್ಲೆಟ್ಟಿಗೆ ಹೋಗಿಬರಬೇಕು. ನನಗೆ ಕಲೆಯ ಬಗ್ಗೆ ಒಲವು ಹುಟ್ಟಿದ್ದು ಹೀಗೆಯೇ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರದ್ದು, ಒಳಗೆ ಹೋಗಲು ಟಿಕೆಟ್ ಇಲ್ಲ. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರ್ ಚಿತ್ರ ಕಲಿತು, ಬದುಕು ಕಟ್ಟಿಕೊಂಡದ್ದು ಇದೇ ಊರಲ್ಲಿ. ಗಾಮ್‌ದೇವಿಯ ಮಣಿ ಭವನವನ್ನೂ ನೋಡಬಹುದು. 1917ರಿಂದ 1934ರವರೆಗೆ ಮುಂಬೈಗೆ ಬಂದಾಗಲೆಲ್ಲ ಗಾಂಧೀಜಿ ಉಳಿಯುತ್ತಿದ್ದ ಮನೆ. ಮೇಲಿನ ಕೋಣೆಯಲ್ಲಿ ಚರಕ, ಹಾಸಿಗೆ, ಅಷ್ಟೇ. ಹೊರಗೆ ಮರದ ನೆರಳಿನ ಬೀದಿ. ಆ ಬೀದಿಯಲ್ಲಿ ಸುಮ್ನೆ ನಡೆದರೂ ಸಾಕು.

ಎಲಿಫೆಂಟಾ ದ್ವೀಪದ ಗುಹೆಗಳನ್ನು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಅದು ಮನೆಮಂದಿಯ ಜೊತೆ ಹೋಗುವ ಜಾಗ. ಬೋಟಿನ ಟಿಕೆಟ್, ಗುಹೆಯ ಟಿಕೆಟ್, ಮೆಟ್ಟಿಲ ಎರಡೂ ಕಡೆ ಸರ, ಬಳೆ, ಟೋಪಿ. ಆ ಮೂರು ಮುಖದ ಶಿವನ ಮುಂದೆ ನಿಂತಾಗ ಖರ್ಚು ಮರೆಯುತ್ತದೆ, ನಿಜ. ಸೋಮವಾರ ರಜೆ, ಅದು ಮಾತ್ರ ನೆನಪಿರಲಿ. ಸಮುದ್ರದ ಮೇಲೆ ಹೋಗಬೇಕು ಅಷ್ಟೇ ಅನ್ನುವವರಿಗೆ ವರ್ಸೋವಾದಿಂದ ಮಢ್ ಕಡೆಗೆ ದಾಟಿಸುವ ಬೋಟು ಇದೆ, ಚಿಲ್ಲರೆ ಕಾಸಿಗೆ. ಸ್ಕೂಟರ್, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲ ಅದರಲ್ಲೇ.

ಊಟಕ್ಕೆ ಮಾಟುಂಗಾ. ಇದರಲ್ಲಿ ನಾನು ಪಕ್ಷಪಾತಿ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನನ್ನು 2017ರಲ್ಲಿ ಪೂರ್ತಿ ಹೆಂಗಸರ ಕೈಗೆ ಕೊಟ್ಟರು, ಟಿಕೆಟ್ ಕೌಂಟರಿನಿಂದ ಹಿಡಿದು ಮ್ಯಾನೇಜರ್‌ವರೆಗೆ. ಹೊರಗೆ ಕಾಲಿಟ್ಟರೆ ಬಾಳೆ ಎಲೆ, ಕರಿಬೇವು, ಮಲ್ಲಿಗೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವುದೂ ಇಲ್ಲೇ, ಅಲ್ಲಿ ನಾಟಕವೋ ಉಪನ್ಯಾಸವೋ ನಡೆಯುತ್ತಿದ್ದರೆ ಒಂದು ಸಂಜೆಯ ಚಿಂತೆ ಇಲ್ಲ. ಸ್ಟೇಷನ್ನಿನ ಪಕ್ಕದ ಮಾರ್ಕೆಟ್ ಕಟ್ಟಡದ ಮೇಲೆ 1942ರಲ್ಲಿ ಎ. ರಾಮ ನಾಯಕ್ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಊಟದ ಹೊತ್ತಲ್ಲಿ ಕಾಯುವವರ ಸಾಲು. ದೊಡ್ಡ ಹೋಟೆಲುಗಳಲ್ಲಿ 'ಒಬ್ರೇನಾ?' ಅಂತ ಕೇಳಿ, ಮುಖ ಸಣ್ಣ ಮಾಡಿ, ಕೈ ತೊಳೆಯುವ ಜಾಗದ ಪಕ್ಕದ ಟೇಬಲ್ ಕೊಡುತ್ತಾರಲ್ಲ, ಇಲ್ಲಿ ಅದರ ಉಲ್ಟಾ. ಆರು ಜನರ ಸಂಸಾರವೊಂದು ಬೆಂಚಿನ ಮೇಲೆ ಕೂತು ಟೇಬಲ್ಲಿಗೆ ಕಾಯುತ್ತಿತ್ತು. ಒಳಗಿನಿಂದ ಬಂದವರು ಅವರ ತಲೆಯ ಮೇಲಿಂದ ನನ್ನನ್ನು ನೋಡಿ 'ಒಬ್ರೇನಾ ಅಮ್ಮ? ಬನ್ನಿ ಬನ್ನಿ' ಅಂದರು. ಜೀವಮಾನದಲ್ಲಿ ಆ ಪ್ರಶ್ನೆ ಅಷ್ಟು ಸಿಹಿಯಾಗಿ ಕೇಳಿದ್ದೇ ಇಲ್ಲ. ಮೂವರು ಕೂತ ಟೇಬಲ್ಲಿಗೆ ನನ್ನನ್ನೂ ಸೇರಿಸಿದರು. ಎದುರಿಗೆ ಕೂತ ಅಜ್ಜ ರಸಂ ಎರಡನೇ ಸಲ ಹಾಕಿಸಿಕೊಂಡು, ನನ್ನ ಬಟ್ಟಲು ನೋಡಿ, 'ಇವ್ರಿಗೂ ಹಾಕಿ' ಅಂತ ಅಪ್ಪಣೆ ಕೊಟ್ಟರು. ಯಾವ ಊರು, ಏನು ಕೆಲಸ, ಒಂದೂ ಕೇಳಲಿಲ್ಲ. ಊಟ ಮುಗಿಸಿ ಎದ್ದು ಹೋದರು.

ಮರೀನ್ ಡ್ರೈವ್ ಎಲ್ಲರಿಗೂ ಗೊತ್ತು. ಮೂರೂವರೆ ಕಿಲೋಮೀಟರಿಗೂ ಜಾಸ್ತಿ ಉದ್ದದ ಕಟ್ಟೆ, ಎಷ್ಟು ಹೊತ್ತು ಕೂತರೂ ಏಳಿ ಅನ್ನುವವರಿಲ್ಲ. ನನ್ನ ಸಲಹೆ ಇಷ್ಟೇ, ಸ್ವಲ್ಪ ಹೊತ್ತು ಸಮುದ್ರಕ್ಕೆ ಬೆನ್ನು ಹಾಕಿ ಕೂರಿ. ಆ ದುಂಡು ಮೂಲೆಯ ಬಾಲ್ಕನಿಗಳ ಆರ್ಟ್ ಡೆಕೊ ಅನ್ನುವ ಶೈಲಿಯ ಕಟ್ಟಡಗಳು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಮುದ್ರ ನಮ್ಮ ಕರಾವಳಿಯಲ್ಲೂ ಸಿಗುತ್ತದೆ.

ಬಾಕಿ ಹೊತ್ತೆಲ್ಲ ನನ್ನದು ಓವಲ್ ಮೈದಾನದಲ್ಲಿ. ಒಂದು ಕಡೆ ರಾಜಾಬಾಯಿ ಗಡಿಯಾರ ಗೋಪುರ, 1878ರದ್ದು, 85 ಮೀಟರ್ ಎತ್ತರ. ಮೈದಾನದ ಮಧ್ಯದಲ್ಲೇ ಜನ ದಾಟುವ ಕಾಲುದಾರಿ. ಸುತ್ತ ಒಂದರ ಮೇಲೊಂದು ಬಿದ್ದ ಹಾಗೆ ಕ್ರಿಕೆಟ್ ಮ್ಯಾಚುಗಳು. ಒಬ್ಬರ ಮಿಡ್ ಆನ್ ಇನ್ನೊಬ್ಬರ ಸ್ಲಿಪ್ಪಿನ ಪಕ್ಕ ನಿಂತಿರುತ್ತಾನೆ. ಅಲ್ಲಿಗೆ ಹತ್ತಿರದ ಆಜಾದ್ ಮೈದಾನದಲ್ಲಿ 1988ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಸ್ಕೂಲ್ ಹುಡುಗರಾಗಿ 664 ರನ್ನಿನ ಜೊತೆಯಾಟ ಆಡಿದ್ದು ಇಂಥ ಗಲಾಟೆಯ ನಡುವೆಯೇ ಇರಬೇಕು. ಕಳೆದ ಸಲ ಅಂಚಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಒಂದು ಚೆಂಡು ಉರುಳಿಕೊಂಡು ಬಂದು ಚಪ್ಪಲಿಗೆ ತಾಗಿತು. 'ಆಂಟೀ, ಬಾಲ್!' ಅಂತ ಎರಡು ಕಡೆಯಿಂದ ಕೂಗು ಬಂತು, ಎರಡೂ ಬೇರೆ ಬೇರೆ ಮ್ಯಾಚಿನವು. ಹತ್ತಿರ ಇದ್ದವನಿಗೆ ಎಸೆದೆ. ದೂರದವನು ಓಡಿಬಂದು ಅದು ತಮ್ಮದು ಅಂದ. ಎರಡೂ ತಂಡದ ಕ್ಯಾಪ್ಟನ್ನುಗಳು ಬಂದರು, ಅಂಪೈರುಗಳೂ ಬಂದರು. ಚೆಂಡನ್ನು ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದರು. ಕೊನೆಗೆ ನನ್ನನ್ನೇ ಸಾಕ್ಷಿಗೆ ಕರೆದರು. ನಾನು ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡೇ ಎದ್ದು ಹೋದೆ. ಹೇಗೂ ಕೆಲಸ ಇರಲಿಲ್ಲವಲ್ಲ.